ಬೈಟು ಮೀಮಾಂಸೆ: ಒಂದು ಕಾಫಿ, ಎರಡು ಲೋಟಗಳ ತತ್ತ್ವವಿಚಾರ

ಶಾಸ್ತ್ರಗ್ರಂಥವೆಂದ ಮೇಲೆ ಅನುಬಂಧ ಚತುಷ್ಟಯ ಹೇಳದೆ ಮುಂದುವರಿದರೆ ಹಿರಿಯರು ಮೆಚ್ಚುವುದಿಲ್ಲ. ಆದ್ದರಿಂದ ಮೊದಲಿಗೆ ಅದು. ವಿಷಯ: ಬೆಂಗಳೂರಿನ ಬೈಟು ಕಾಫಿ. ಪ್ರಯೋಜನ: ಸಂಜೆ ನಾಲ್ಕರ ತಲೆನೋವಿನ ನಿವೃತ್ತಿ. ಸಂಬಂಧ: ಎದುರಿಗೆ ಇನ್ನೊಂದು ಲೋಟ ಹಿಡಿದು ನಿಂತವನು. ಅಧಿಕಾರಿ: ಜೇಬಿನಲ್ಲಿ ಇಡೀ ಕಾಫಿಗೆ ದುಡ್ಡಿದ್ದೂ ಅರ್ಧವನ್ನೇ ಬಯಸುವವನು. ದುಡ್ಡು ಸಾಲದೆ ಅರ್ಧ ಕುಡಿಯುವವನ ವಿಚಾರ ಅರ್ಥಶಾಸ್ತ್ರಕ್ಕೆ ಸೇರಿದ್ದು. ನಾವು ಅತ್ತ ಹೋಗುವುದಿಲ್ಲ.

ಪೂರ್ವಪಕ್ಷದವರು ಹೇಳುತ್ತಾರೆ: ಬೈಟು ಎಂದರೆ ಜಿಪುಣತನ, ಅಷ್ಟೆ. ಈ ವಾದ ಪ್ರತ್ಯಕ್ಷ ಪ್ರಮಾಣದ ಮುಂದೆ ನಿಲ್ಲುವುದಿಲ್ಲ. ಬೆಣ್ಣೆ ಮಸಾಲೆ ಮುಗಿಸಿ, ಅದರ ಮೇಲೊಂದು ಉದ್ದಿನವಡೆ ಅದ್ದಿಸಿಕೊಂಡು, ಕೇಸರಿಬಾತನ್ನೂ ಬಿಡದೆ, ಕೊನೆಗೆ ಹೊಟ್ಟೆ ಸವರಿಕೊಳ್ಳುತ್ತಾ 'ಒಂದು ಬೈಟು ಸಾಕಪ್ಪ' ಎನ್ನುವವನನ್ನು ಜಿಪುಣ ಎನ್ನಲಾದೀತೆ? ಇನ್ನು ಕೆಲವರು ಇದನ್ನು ಆರೋಗ್ಯಪಾಲನೆ ಎಂದು ವ್ಯಾಖ್ಯಾನಿಸುತ್ತಾರೆ. ದಿನಕ್ಕೆ ಎರಡೇ ಕಾಫಿ ಎಂದು ಡಾಕ್ಟರಿಗೆ ಮಾತು ಕೊಟ್ಟವರು ನಾಲ್ಕು ಸಲ ಕೌಂಟರಿಗೆ ಹೋಗಿ ಬಂದು, ಲೆಕ್ಕ ಸರಿಯಾಗಿಯೇ ಇದೆಯಲ್ಲ ಎಂದು ಬೀಗುವುದುಂಟು. ಗಣಿತ ಸರಿಯಿದೆ. ಆದರೆ ಆರೋಗ್ಯಕ್ಕೆಂದು ಕುಡಿಯುವುದು ಕಷಾಯವಾಗುತ್ತದೆಯೇ ಹೊರತು ಕಾಫಿಯಾಗುವುದಿಲ್ಲ.

ನಮ್ಮ ಸಿದ್ಧಾಂತ ಬೇರೆ. ಪೂರ್ತಿ ಕಾಫಿ ಕುಡಿಯುವವನಿಗೆ ಬೇಕಾದ್ದು ಕಾಫಿ. ಬೈಟು ಕುಡಿಯುವವನಿಗೆ ಬೇಕಾದ್ದು ಇನ್ನೊಬ್ಬ. ಕಾಫಿ ಅವನನ್ನು ಹತ್ತು ನಿಮಿಷ ನಿಲ್ಲಿಸಿಕೊಳ್ಳುವ ಉಪಾಯ.

ನಿಲ್ಲಿಸಿಕೊಳ್ಳುವ ಎಂದದ್ದು ಅಕ್ಷರಶಃ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಬಾಗಿಲು ತೆರೆದ ಮೇಲೆ ಈ ಊರಿನ ಉಪಾಹಾರದಿಂದ ಕುರ್ಚಿ ಎಂಬ ಪದಾರ್ಥ ಮೆಲ್ಲಗೆ ಲೋಪವಾಗುತ್ತ ಬಂತು. ಕುರ್ಚಿ ತೆಗೆದರೆ ಗಿರಾಕಿ ಬೇಗ ತಿಂದು ಬೇಗ ಜಾಗ ಬಿಡುತ್ತಾನೆ ಎಂಬುದು ಮಾಲೀಕರ ಅನುಮಾನ ಪ್ರಮಾಣ. ಅದು ಇಡ್ಲಿಯ ಮಟ್ಟಿಗೆ ಸತ್ಯವಾಯಿತು. ಅರ್ಧ ಲೋಟ ಕಾಫಿಯ ಮಟ್ಟಿಗೆ ಮಾತ್ರ ಘೋರವಾಗಿ ಸೋತಿತು. ಬೈಟು ಹಿಡಿದ ಇಬ್ಬರು ಕಂಬದಂತೆ ನಿಂತು ಮೈದುನನ ಸೈಟಿನ ಖಾತೆ ವರ್ಗಾವಣೆಯಿಂದ ಕೇಂದ್ರ ಸಂಪುಟ ವಿಸ್ತರಣೆವರೆಗೆ ಮುಗಿಸುವ ಹೊತ್ತಿಗೆ, ಪಕ್ಕದಲ್ಲಿ ಮೂರು ತಂಡ ರವೆ ಇಡ್ಲಿ ತಿಂದು ಕೈ ತೊಳೆದಿರುತ್ತವೆ.

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಚೀಟಿ ಒಂದು, ಲೋಟ ಎರಡು. ಹಾಗಾದರೆ ಕಾಫಿ ಒಂದೋ, ಎರಡೋ?

ಅದ್ವೈತಿಗಳ ಪ್ರಕಾರ ಕಾಫಿ ಒಂದೇ. ಲೋಟಗಳು ಕೇವಲ ಉಪಾಧಿ. ಕುಡಿದಿಟ್ಟ ಮೇಲೆ ಭೇದ ಎಲ್ಲಿ? ಈ ಮತಕ್ಕೆ ಬೆಂಗಳೂರಿನಲ್ಲಿ ಪ್ರಶಸ್ತ ಕ್ಷೇತ್ರವೆಂದರೆ ಶಂಕರಪುರ. ಅಲ್ಲಿ ಶಂಕರ ಮಠವೂ ಇದೆ, 1965ರಿಂದ ಬ್ರಾಹ್ಮಿನ್ಸ್ ಕಾಫಿ ಬಾರೂ ಇದೆ. ಆ ಬಾರಿನಲ್ಲಿ ಇಡ್ಲಿಗೆ ಸಾಂಬಾರ್ ಕೊಡುವುದಿಲ್ಲ; ಚಟ್ನಿ ಬೇಕಾದರೆ ಎಷ್ಟು ಸಲವಾದರೂ ಹೋಗಿ ಹಾಕಿಸಿಕೊಳ್ಳಬಹುದು. ಚಟ್ನಿ ಸತ್ಯ, ಸಾಂಬಾರ್ ಮಿಥ್ಯೆ ಎಂಬುದನ್ನು ಇಷ್ಟು ನಿಷ್ಠುರವಾಗಿ ಆಚರಣೆಗೆ ತಂದ ಸ್ಥಳ ಇನ್ನೊಂದಿಲ್ಲ. ಸಾಂಬಾರ್ ಕೇಳಿದವರನ್ನು ಅಲ್ಲಿನ ಹಳೆಯ ಗಿರಾಕಿಗಳು ನೋಡುವ ನೋಟದಲ್ಲಿ ಅಜ್ಞಾನಿಗಳ ಬಗ್ಗೆ ಜ್ಞಾನಿಗಳಿಗಿರುವ ಕರುಣೆ ತುಂಬಿರುತ್ತದೆ.

ದ್ವೈತಿಗಳು ಇದನ್ನು ಒಪ್ಪುವುದಿಲ್ಲ. ಲೋಟ ಎರಡು ಎಂದ ಮೇಲೆ ಕಾಫಿಯೂ ಎರಡೇ, ಅಷ್ಟೇ ಅಲ್ಲ, ಅವುಗಳ ನಡುವೆ ತಾರತಮ್ಯವಿದೆ. ಒಂದು ಲೋಟದಲ್ಲಿ ಯಾವಾಗಲೂ ಒಂದು ಗುಟುಕು ಹೆಚ್ಚು. ಊರಿನ ಹಳೆಯ ಹೋಟೆಲುಗಳನ್ನು ಕಟ್ಟಿದವರು ಬಹುತೇಕ ಉಡುಪಿ ಸೀಮೆಯಿಂದ ಬಂದವರಾದ್ದರಿಂದ ಈ ಮತಕ್ಕೆ ಗಲ್ಲಾಪೆಟ್ಟಿಗೆಯ ಬೆಂಬಲವಿದೆ ಎಂದು ಊಹಿಸಬಹುದು. 1924ರಲ್ಲಿ ಶುರುವಾದ ಎಂಟಿಆರ್ ಆ ಸೀಮೆಯ ಮಯ್ಯರದ್ದೇ. ಅಲ್ಲಿ ಕಾಫಿ ಬೆಳ್ಳಿ ಲೋಟದಲ್ಲಿ ಬರುವ ಕಾರಣ ಹಂಚಿಕೊಳ್ಳುವ ಮನಸ್ಸೇ ಯಾರಿಗೂ ಬರುವುದಿಲ್ಲ, ಆ ಮಾತು ಬೇರೆ.

ವಿಶಿಷ್ಟಾದ್ವೈತಿಗಳ ಮತವೇ ಈ ಲೇಖಕನಿಗೆ ಹೆಚ್ಚು ರುಚಿಸುತ್ತದೆ. ಕಾಫಿ ಒಂದೇ ನಿಜ, ಆದರೆ ಹಾಲು ಸಕ್ಕರೆಗಳಿಂದ ವಿಶಿಷ್ಟವಾದದ್ದು. ಅವನ್ನು ಕಳೆದು ಉಳಿದದ್ದನ್ನು ಯಾರೂ ಕುಡಿಯಲಾರರು. ದುರದೃಷ್ಟವಶಾತ್ ಈ ಮತದವರು ಅಯ್ಯಂಗಾರ್ ಬೇಕರಿಗಳನ್ನು ತೆರೆದು ಖಾರಾ ಬನ್ನು, ದಿಲ್‌ಪಸಂದುಗಳತ್ತ ಹೊರಳಿಬಿಟ್ಟರು. ಬೈಟು ವಿಚಾರದಲ್ಲಿ ಭಾಷ್ಯ ಬರೆಯುವವರಿಲ್ಲದೆ ಸಂಪ್ರದಾಯ ಬಡವಾಯಿತು. ಜೈನರ ಸ್ಯಾದ್ವಾದವಾದರೋ ಒಂದು ದೃಷ್ಟಿಯಿಂದ ಲೋಟ ತುಂಬಿದೆ, ಇನ್ನೊಂದು ದೃಷ್ಟಿಯಿಂದ ತುಂಬಿಲ್ಲ ಎಂದು ಇಬ್ಬರನ್ನೂ ಸಮಾಧಾನಪಡಿಸುತ್ತದೆ. ಚಾರ್ವಾಕರು 'ದುಡ್ಡು ನಾಳೆ ಕೊಡ್ತೀನಿ' ಎನ್ನುತ್ತಾರೆ.

ಲೋಟ ತುಂಬಿ ಕಾಣುವುದರ ರಹಸ್ಯ ನೊರೆಯಲ್ಲಿದೆ. ಕಾಫಿಯನ್ನು ಎತ್ತರದಿಂದ ಸುರಿದಾಗ ಗಾಳಿ ಒಳಹೊಕ್ಕು, ಹಾಲಿನ ಪ್ರೋಟೀನು ಅದನ್ನು ಗುಳ್ಳೆಗಳಾಗಿ ಹಿಡಿದಿಡುತ್ತದೆ. ಹೀಗೆ ಅರ್ಧವೂ ಪೂರ್ಣದ ವೇಷ ಧರಿಸುತ್ತದೆ. ವೇಷವೆಂದು ಗೊತ್ತಿದ್ದೂ ಸುಖಪಡುವುದು ಯಕ್ಷಗಾನ ನೋಡಿ ಬೆಳೆದ ನಾಡಿಗೆ ಕಷ್ಟವೇನಲ್ಲ. ಇಷ್ಟಕ್ಕೂ ಬೈಟು ನಡೆಯುವುದು ಕೌಂಟರಿನಲ್ಲಿ ಮಾತ್ರ ಎಂದು ಯಾರು ಹೇಳಿದರು? ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ 51 ಇದ್ದರೆ ಸಾಕು ಎನ್ನುತ್ತದೆ ನಮ್ಮ ಆಹಾರ ಕಾನೂನು. ಅಂದರೆ ಪುಡಿಯ ಪೊಟ್ಟಣದೊಳಗೇ ಹೆಚ್ಚುಕಡಿಮೆ ಬೈಟು ಮುಗಿದಿರಬಹುದು. ನಾವು ಲೋಟದಲ್ಲಿ ಮಾಡುವುದು ಅರ್ಧದ ಅರ್ಧ. ಚಿಕೋರಿಯನ್ನು ಹಳಿಯುವ ಶುದ್ಧಾಚಾರಿಗಳು ಈ ಊರಿನಲ್ಲಿದ್ದಾರೆ. ಡಿಕಾಕ್ಷನ್ನಿಗೆ ಆ ಕಪ್ಪು, ಆ ದಪ್ಪ ಎಲ್ಲಿಂದ ಬಂತೆಂದು ಅವರನ್ನು ಕೇಳಬಾರದು, ನೊಂದುಕೊಳ್ಳುತ್ತಾರೆ. ಇನ್ನು ಕಾಫಿಯ ಮೂಲಕ್ಕೆ ಹೋದರೆ, ಬಾಬಾ ಬುಡನ್ ಮೆಕ್ಕಾ ಯಾತ್ರೆ ಮುಗಿಸಿ ಬರುವಾಗ ಏಳು ಬೀಜ ತಂದರೆಂದು ಪ್ರತೀತಿ. ಏಳನ್ನು ಇಬ್ಬರಿಗೆ ಸಮನಾಗಿ ಹಂಚಲು ಬರುವುದಿಲ್ಲ. ತಾರತಮ್ಯ ಬೀಜದಲ್ಲೇ ಇತ್ತೆಂದು ದ್ವೈತಿಗಳು ಇದನ್ನು ಬಳಸಿಕೊಳ್ಳಬಹುದು. ಈ ಲೇಖಕ ಉದಾರಿ, ಶುಲ್ಕ ಕೇಳುವುದಿಲ್ಲ.

ಅಪವಾದಗಳನ್ನು ಬೇಗ ಮುಗಿಸುತ್ತೇನೆ. ಸೂಪಿನ ಬೈಟು, ಗೋಬಿ ಮಂಚೂರಿಯ ಬೈಟು ಎಂಬವು ಲೋಕದಲ್ಲಿವೆ. ಅವು ಬರೀ ಹಂಚಿಕೆ, ಅವುಗಳಲ್ಲಿ ತತ್ತ್ವವಿಲ್ಲ. ಮಸಾಲೆ ದೋಸೆಗೆ ಬೈಟು ಸಲ್ಲದು. ಪಲ್ಯ ನಡುವೆ, ಗರಿ ಅಂಚಿನಲ್ಲಿ. ಯಾವ ನ್ಯಾಯಾಧೀಶರೂ ಅದನ್ನು ಸಮನಾಗಿ ವಿಭಜಿಸಲಾರರು. ಗಾಂಧಿಬಜಾರಿನ ವಿದ್ಯಾರ್ಥಿ ಭವನದ ದೋಸೆ ದೊಡ್ಡದೋ ಮಲ್ಲೇಶ್ವರದ ಸಿಟಿಆರ್‌ನದು ದೊಡ್ಡದೋ ಎಂಬ ವಿವಾದಕ್ಕೆ ಇಳಿಯಲು ಇಲ್ಲಿ ಸ್ಥಳವಿಲ್ಲ. ವಾದಿಯ ಮನೆ ಯಾವ ಬಡಾವಣೆಯಲ್ಲಿದೆ ಎಂದು ಕೇಳಿದರೆ ಉತ್ತರ ತಾನಾಗಿ ತಿಳಿಯುತ್ತದೆ. ಒಂದೇ ಕಾಫಿಗೆ ಮೂರು ಲೋಟ ಕೇಳುವ ಪಾಷಂಡ ಮತವೊಂದು ಕಾಲೇಜುಗಳ ಸುತ್ತಮುತ್ತ ಹಬ್ಬಿದೆ. ಅದನ್ನು ಖಂಡಿಸುವಷ್ಟು ಕಾಫಿ ಆ ಲೋಟಗಳಲ್ಲಿ ಇರುವುದಿಲ್ಲ.

ಕ್ಯಾಪುಚಿನೊ ಮಾತ್ರ ಗಂಭೀರ ಸಮಸ್ಯೆ. 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ಆರಂಭವಾದ ಮೇಲೆ ಊರಿಗೆ ಸೋಫಾ ಬಂತು, ಏಸಿ ಬಂತು, ಒಂದು ಕಪ್ಪಿನ ಮುಂದೆ ಮಧ್ಯಾಹ್ನ ಪೂರಾ ಕೂರುವ ಸ್ವಾತಂತ್ರ್ಯವೂ ಬಂತು. ಆದರೆ ಕ್ಯಾಪುಚಿನೊ ಅವಿಭಾಜ್ಯ. ಇನ್ನೊಂದು ಕಪ್ಪಿಗೆ ಬಗ್ಗಿಸಿದರೆ ಒಬ್ಬನಿಗೆ ನೊರೆ, ಇನ್ನೊಬ್ಬನಿಗೆ ಕಾಫಿ. ಮೇಲೆ ಬಿಡಿಸಿದ ಎಲೆಯ ಚಿತ್ರ ಯಾರ ಪಾಲಿಗೆ? ಹಾಗಾಗಿ ಅಲ್ಲಿ ಜೊತೆಯಾಗಿ ಕೂತವರೂ ತಮ್ಮ ತಮ್ಮ ಕಪ್ಪಿನೊಂದಿಗೆ ಒಂಟಿಯಾಗಿರುತ್ತಾರೆ. ಅಲ್ಲಿ ಮದುವೆಗಳು ನಿಶ್ಚಯವಾಗುತ್ತವಂತೆ. ದಾಂಪತ್ಯಕ್ಕೆ ಕಾಲಿಡುವವರು ಮೊದಲು ಒಂದು ಬೈಟು ಕುಡಿದು, ಹೆಚ್ಚು ತುಂಬಿದ ಲೋಟ ಯಾರು ಎತ್ತಿಕೊಂಡರು ಎಂದು ಗಮನಿಸುವುದು ಜಾತಕಕ್ಕಿಂತ ಕಡಿಮೆ ಖರ್ಚಿನ ಪರೀಕ್ಷೆ ಎಂದು ನನ್ನ ಮತ.

ಉಳಿದದ್ದು ದಕ್ಷಿಣಾ ಪ್ರಕರಣ. 'ನಾನು ಕೊಡ್ತೀನಿ ಕಣೋ', 'ಥೂ, ಹೋಗೋ, ನಿನ್ನೆ ನೀನೇ ಕೊಟ್ಯಲ್ಲ' ಎಂಬ ಜಗಳ ವಿಧಿವತ್ತಾಗಿ ನಡೆಯಲೇಬೇಕು. ಅದಿಲ್ಲದೆ ಕರ್ಮ ಪೂರ್ಣವಾಗದು. ಪಾವತಿಸುವವರು ಯಾರೆಂದು ಮೊದಲೇ ಗೊತ್ತಿದ್ದರೂ ಇಬ್ಬರೂ ಜೇಬಿಗೆ ಕೈ ಹಾಕತಕ್ಕದ್ದು. ಕೈ ಹೊರಬರುವ ವೇಗವನ್ನು ಅವರವರ ವಿವೇಕಕ್ಕೆ ಬಿಡಲಾಗಿದೆ. ಯುಪಿಐ ಬಂದ ಮೇಲೆ ಹೊಸದೊಂದು ಅನಾಚಾರ ಕಾಣಿಸಿಕೊಂಡಿದೆ. ಕಾಫಿ ಹದಿನೈದು ರೂಪಾಯಿಯಾದರೆ, ಸಂಜೆ ಮನೆಗೆ ಹೋಗಿ ಏಳೂವರೆ ರೂಪಾಯಿಯನ್ನು ಗೆಳೆಯನ ಖಾತೆಗೆ ರವಾನಿಸುವವರಿದ್ದಾರೆ. ಹಾಗೆ ಮಾಡಿದವನು ಬೈಟು ಅಧಿಕಾರದಿಂದ ಭ್ರಷ್ಟನಾಗುತ್ತಾನೆ. ಪ್ರಾಯಶ್ಚಿತ್ತವಾಗಿ ಒಂದು ಪಕ್ಷದ ಕಾಲ ಒಬ್ಬನೇ ನಿಂತು ಪೂರ್ತಿ ಕಾಫಿ ಕುಡಿಯತಕ್ಕದ್ದು, ಅದೂ ಕಾಗದದ ಲೋಟದಲ್ಲಿ. ಆ ಏಳೂವರೆ ರೂಪಾಯಿ ಸ್ವೀಕರಿಸಿ ಹೆಬ್ಬೆರಳಿನ ಚಿತ್ರ ಕಳಿಸಿದವನಿಗೆ ಏನು ಶಿಕ್ಷೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಪಂಡಿತರು ನಾಳೆ ಸಂಜೆ ನಾಲ್ಕಕ್ಕೆ ಮತ್ತೆ ಸೇರುವವರಿದ್ದಾರೆ.