ಸರ್ಕಾರಕ್ಕೆ ಕೈಸಾಲ ಕೊಟ್ಟ ಮೇಷ್ಟ್ರು

ಭಾರತ ಸರ್ಕಾರಕ್ಕೆ ಸಾಲ ಕೊಡುವವರಲ್ಲಿ ಇಬ್ಬರು ಮುಖ್ಯರು. ಒಬ್ಬರು ವಿಶ್ವಬ್ಯಾಂಕಿನವರು, ಇನ್ನೊಬ್ಬರು ನಿವೃತ್ತ ಗಣಿತದ ಮೇಷ್ಟ್ರು. ವಿಶ್ವಬ್ಯಾಂಕಿನವರು ಕೊಡುವ ಮೊದಲು ಸೂಟು ಹಾಕಿಕೊಂಡು ಬರುತ್ತಾರೆ, ಷರತ್ತು ಹೇರುತ್ತಾರೆ, ಬಡ್ಡಿ ಎಷ್ಟು, ವಾಪಸು ಯಾವಾಗ ಎಂದು ಬರೆಸಿ ಸಹಿ ಹಾಕಿಸಿಕೊಳ್ಳುತ್ತಾರೆ. ಮೇಷ್ಟ್ರಿಗೆ ಈ ತಾಪತ್ರಯವಿಲ್ಲ. ತಾವು ಸಾಲ ಕೊಟ್ಟಿದ್ದೇವೆಂದು ಅವರಿಗೆ ತಿಳಿಯುವುದೇ ಪಾಸ್‌ಬುಕ್‌ಗೆ ಎಂಟ್ರಿ ಹಾಕಿಸಿದ ದಿನ.

ಈ ಮೇಷ್ಟ್ರು ಒಬ್ಬರೇ ಅಲ್ಲ, ಪ್ರತಿ ಬಡಾವಣೆಗೂ ಒಬ್ಬರಿದ್ದಾರೆ. ನಿವೃತ್ತಿಯಾದಾಗ ಬಂದ ದುಡ್ಡನ್ನು ಎಫ್‌ಡಿ ಇಟ್ಟವರು. ಬಡ್ಡಿ ವರ್ಷಕ್ಕೆ 1,20,000 ರೂಪಾಯಿ ಅನ್ನಿ. 2024–25ರಲ್ಲಿ ಹಿರಿಯ ನಾಗರಿಕರ ಬಡ್ಡಿ 50,000 ದಾಟಿದರೆ ಬ್ಯಾಂಕು ಶೇ 10ರಷ್ಟು ಟಿಡಿಎಸ್ ಹಿಡಿಯಬೇಕಿತ್ತು. ಈಗ ಆ ಮಿತಿ 1 ಲಕ್ಷ. ‘ನನಗೆ ತೆರಿಗೆ ಬರುವುದಿಲ್ಲ, ಹಿಡಿಯಬೇಡಿ’ ಎನ್ನಲು 15ಎಚ್ ಎಂಬ ಫಾರಂ ಇತ್ತು. ಅದು ನೆನಪಾಗುವುದು ಹಿಡಿದಾದ ಮೇಲೆ. ಹೀಗೆ 12,000 ರೂಪಾಯಿ ದೆಹಲಿಗೆ ಹೋಯಿತು. ಪಿಂಚಣಿ, ಬಡ್ಡಿ ಎಲ್ಲ ಕೂಡಿಸಿದರೂ ಹೊಸ ಪದ್ಧತಿಯಲ್ಲಿ ಮೇಷ್ಟ್ರ ತೆರಿಗೆ ಸೊನ್ನೆ. ಅಂದಮೇಲೆ ಹನ್ನೆರಡು ಸಾವಿರವೂ ಅವರದೇ. ಕೇಳಿದರೆ ಕೊಡುತ್ತಾರೆ. ಕೇಳುವುದಕ್ಕೊಂದು ಕ್ರಮವಿದೆ, ಅದರ ಹೆಸರು ರಿಟರ್ನ್. ಕೊಡುವುದಕ್ಕೂ ಒಂದು ಕ್ರಮವಿದೆ, ಅದರ ಹೆಸರು ಪ್ರೊಸೆಸಿಂಗ್.

ಮೇಷ್ಟ್ರು ಮೂವತ್ತು ಚಿಲ್ಲರೆ ವರ್ಷ ಮಕ್ಕಳಿಗೆ ಸರಳಬಡ್ಡಿ ಕಲಿಸಿದವರು. ಅಸಲು, ದರ, ಅವಧಿ, ಈ ಮೂರು ಗೊತ್ತಿದ್ದರೆ ಯಾವ ಲೆಕ್ಕವೂ ಬಿಡುತ್ತದೆ ಎಂದು ಬೋರ್ಡಿನ ಮೇಲೆ ಬರೆದವರು. ಇಲ್ಲಿ ಅಸಲು ಗೊತ್ತು. ದರವೂ ಗೊತ್ತು: 1961ರ ಆದಾಯ ತೆರಿಗೆ ಕಾಯ್ದೆಯ 244ಎ ಸೆಕ್ಷನ್ ಪ್ರಕಾರ ತಿಂಗಳಿಗೆ ಶೇ ಅರ್ಧ. ಹನ್ನೆರಡು ಸಾವಿರಕ್ಕೆ ತಿಂಗಳಿಗೆ 60 ರೂಪಾಯಿ, ಅಂದರೆ ಬೆಂಗಳೂರಿನ ದರ್ಶಿನಿಯಲ್ಲಿ ಕಾಫಿ ಬಿಟ್ಟು ಒಂದು ದೋಸೆ. ಅದೇ ಮೇಷ್ಟ್ರು ಸರ್ಕಾರಕ್ಕೆ ಬಾಕಿ ಉಳಿಸಿಕೊಂಡಿದ್ದರೆ ಶೇ 1. ಒಂದೇ ರೂಪಾಯಿ, ಒಂದೇ ತಿಂಗಳು, ಗಾಂಧೀಜಿಯೂ ಒಬ್ಬರೇ. ನಮ್ಮ ಕೈಯಲ್ಲಿದ್ದಾಗ ಅದರ ಬಡ್ಡಿ ಎರಡು ಪಟ್ಟು. ಸರ್ಕಾರದ ಖಜಾನೆ ತಂಪಾಗಿರುವುದರಿಂದ ಅಲ್ಲಿ ಬಡ್ಡಿ ನಿಧಾನವಾಗಿ ಹುದುಗು ಬರುತ್ತದೆಯೋ ಏನೋ.

ಗೊತ್ತಿಲ್ಲದ್ದು ಅವಧಿ ಮಾತ್ರ. ಅದಕ್ಕೂ ಕಾನೂನಿದೆ. ರಿಟರ್ನ್ ಸಲ್ಲಿಸಿದ ಹಣಕಾಸು ವರ್ಷ ಮುಗಿದ ಮೇಲೆ ಒಂಬತ್ತು ತಿಂಗಳೊಳಗೆ ಇಲಾಖೆ ಇಂಟಿಮೇಷನ್ ಕಳಿಸಬೇಕು. 2025ರ ಜುಲೈನಲ್ಲಿ ರಿಟರ್ನ್ ಹಾಕಿದ ಮೇಷ್ಟ್ರಿಗೆ ಉತ್ತರ ಕೊಡಲು ಇಲಾಖೆಗೆ 2026ರ ಡಿಸೆಂಬರ್ 31ರವರೆಗೆ ಸಮಯವಿದೆ. ಅಷ್ಟರಲ್ಲಿ ಒಂದು ಮಗು ಹುಟ್ಟಿ ನಡೆಯುವುದನ್ನೂ ಕಲಿತಿರುತ್ತದೆ. ಮೇಷ್ಟ್ರೇ ಗಡುವು ದಾಟಿದ್ದರೆ ಮಾರನೆಯ ದಿನದಿಂದಲೇ 5,000 ರೂಪಾಯಿ ಲೇಟ್ ಫೀ. ಆದಾಯ 5 ಲಕ್ಷದೊಳಗಿದ್ದರೆ ದಯೆ ತೋರಿ ಸಾವಿರ. ಹಾಗೆಂದು ಗಡುವು ಕಲ್ಲಿನ ಮೇಲೆ ಕೆತ್ತಿದ್ದೇನಲ್ಲ. 2025ರಲ್ಲಿ ಫಾರಂ ಬದಲಾಗಿದೆ, ವ್ಯವಸ್ಥೆ ಸಜ್ಜಾಗಲು ಸಮಯ ಬೇಕು ಎಂದು ಸರ್ಕಾರವೇ ಅದನ್ನು ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ ತಳ್ಳಿತು. ಕೊನೆಯ ಗಳಿಗೆಯಲ್ಲಿ ಇನ್ನೂ ಒಂದು ದಿನ ಸೇರಿಸಿತು. ವ್ಯವಸ್ಥೆ ಸಜ್ಜಾಗದಿದ್ದರೆ ಕ್ಯಾಲೆಂಡರೇ ಸರಿದು ಜಾಗ ಕೊಡುತ್ತದೆ. ಮೇಷ್ಟ್ರು ಸಜ್ಜಾಗದಿದ್ದರೆ ಪರ್ಸು ಸರಿಯಬೇಕು.

ಹಾಗಂತ ಎಲ್ಲರದ್ದೂ ತಡವಾಗುವುದಿಲ್ಲ. ತಡವಾಗಿದ್ದರೆ ಎಷ್ಟೋ ನೆಮ್ಮದಿ ಇರುತ್ತಿತ್ತು! ಎದುರು ಮನೆಯ ಸಾಫ್ಟ್‌ವೇರ್ ಹುಡುಗನಿಗೆ ಬೆಳಿಗ್ಗೆ ಹಾಕಿದ್ದು ವಾರದೊಳಗೆ ಬಂದುಬಿಡುತ್ತದೆ. ಅವನು ಅದನ್ನು ಲಿಫ್ಟ್‌ನಲ್ಲಿ ಹೇಳುತ್ತಾನೆ. 2024ರ ಮಧ್ಯಂತರ ಬಜೆಟ್‌ನಲ್ಲಿ ಹಣಕಾಸು ಸಚಿವೆ ಹೇಳಿದ್ದರು: ರಿಟರ್ನ್ ಪ್ರೊಸೆಸ್ ಮಾಡಲು 2013–14ರಲ್ಲಿ ಸರಾಸರಿ 93 ದಿನ ಬೇಕಾಗುತ್ತಿತ್ತು, ಈಗ ಬರೀ 10 ದಿನ. ಸುಳ್ಳಿರಲಿಕ್ಕಿಲ್ಲ. ಎದುರು ಮನೆಯವನು ಎರಡು ಹೋಳಿಗೆ ತಿಂದು ಮೇಷ್ಟ್ರು ಉಪವಾಸವಿದ್ದರೆ ಸರಾಸರಿ ತಲೆಗೊಂದು ಹೋಳಿಗೆ. ಸರಾಸರಿಯನ್ನೂ ಮೇಷ್ಟ್ರೇ ಕಲಿಸಿದ್ದು, ಯಾರನ್ನು ದೂರುವುದು?

ಕಾರಣ ಹೇಳದೆ ಕಾಯಿಸಿದರೆ ಜನ ತಾವೇ ಕಾರಣ ಹುಟ್ಟಿಸಿಕೊಳ್ಳುತ್ತಾರೆ. ಬೆಳಗಿನ ವಾಕಿಂಗ್ ಗುಂಪಿನಲ್ಲಿ ಇದೊಂದು ಶಾಸ್ತ್ರವೇ ಆಗಿದೆ. ಸಣ್ಣ ಮೊತ್ತ ಬೇಗ ಬರುತ್ತೆ, ದೊಡ್ಡದು ಕೊನೆಗೆ ಎನ್ನುವವರು ಒಂದು ಪಂಥ. ಇಲ್ಲ, ಸಣ್ಣದನ್ನು ಯಾರು ನೋಡ್ತಾರೆ, ದೊಡ್ಡದೇ ಮೊದಲು ಎನ್ನುವವರು ಇನ್ನೊಂದು. ದಿನಾ ಲಾಗಿನ್ ಆಗಿ ನೋಡಿದರೆ ಫೈಲು ಹಿಂದಕ್ಕೆ ಹೋಗುತ್ತದೆ ಎಂದು ನಂಬಿದವರೂ ಇದ್ದಾರೆ. ಅವರು ಶನಿವಾರ ಪೋರ್ಟಲ್ ಮುಟ್ಟುವುದಿಲ್ಲ. ಪ್ಯಾನ್–ಆಧಾರ್ ಜೋಡಣೆ, ಬ್ಯಾಂಕ್ ಖಾತೆಯ ವ್ಯಾಲಿಡೇಷನ್, ಹೆಸರಿನ ಇನಿಷಿಯಲ್ ಮುಂದಿದೆಯೋ ಹಿಂದಿದೆಯೋ ಎಲ್ಲವನ್ನೂ ಪರೀಕ್ಷಿಸಿ ಮುಗಿದ ಮೇಲೆ ಉಳಿಯುವುದು ಜಾತಕ ಮಾತ್ರ.

ಮೇಷ್ಟ್ರ ಆಡಿಟರ್ ಅವರ ಹಳೆಯ ಶಿಷ್ಯನೇ.

“ಏನಪ್ಪಾ, ಎಲ್ಲಿಗೆ ಬಂತು?”

“ಪ್ರೊಸೆಸಿಂಗ್‌ನಲ್ಲಿದೆ ಸಾರ್.”

“ಹೋದ ಸಲವೂ ಅದೇ ಹೇಳಿದೆಯಲ್ಲೋ.”

“ಹೋದ ಸಲವೂ ಅಲ್ಲೇ ಇತ್ತು ಸಾರ್. ನೀವೇ ಹೇಳಿಕೊಟ್ಟಿದ್ರಲ್ಲ, ತಾಳಿದವನು ಬಾಳಿಯಾನು ಅಂತ.”

ವಿಪರ್ಯಾಸವೆಂದರೆ ಇಡೀ ದೇಶದ ರಿಟರ್ನ್‌ಗಳು ಬಂದು ಬೀಳುವುದು ನಮ್ಮ ಬೆಂಗಳೂರಿನ ಸಿಪಿಸಿಗೇ, ಅಂದರೆ ಸೆಂಟ್ರಲೈಸ್ಡ್ ಪ್ರೊಸೆಸಿಂಗ್ ಸೆಂಟರಿಗೆ. ಗುವಾಹಟಿಯವರೂ ಕಛ್‌ನವರೂ ಬೆಳಗೆದ್ದು ಬೆಂಗಳೂರನ್ನು ನೆನೆಯುತ್ತಾರೆ, ಯಾವ ಭಾಷೆಯಲ್ಲಿ ಎಂದು ಕೇಳಬೇಡಿ. ಸಹಿ ಹಾಕಿದ ಹಾಳೆಯನ್ನು ಎಲೆಕ್ಟ್ರಾನಿಕ್ ಸಿಟಿಯ ಅಂಚೆಚೀಲಕ್ಕೆ ಕಳಿಸುತ್ತಿದ್ದ ಕಾಲವೂ ಇತ್ತು. ಮೇಷ್ಟ್ರ ಮನೆ ಬನಶಂಕರಿಯಲ್ಲಿ. ಒಂದು ಬಸ್ ಹತ್ತಿ ಹೋಗಿಬಿಡಲೇ ಎಂದರೆ ಶಿಷ್ಯ ನಕ್ಕ. “ಹೋಗಿ ಯಾರನ್ನ ನೋಡ್ತೀರಿ ಸಾರ್? ಈಗೆಲ್ಲ ಫೇಸ್‌ಲೆಸ್.” ಮುಖವಿದ್ದ ಕಾಲದಲ್ಲಿ ಲಂಚ ಕೇಳುತ್ತಿದ್ದರು, ನಿಜ. ಮುಖ ತೆಗೆದದ್ದು ಒಳ್ಳೆಯದೇ. ಅದರ ಜೊತೆಗೆ ಬಾಯಿ, ಕಿವಿಗಳೂ ಹೋದವಲ್ಲ ಎಂಬುದಷ್ಟೇ ಚಿಂತೆ.

2025ರ ಡಿಸೆಂಬರಿನಲ್ಲಿ ಬಾಯಿ ಒಮ್ಮೆ ತೆರೆಯಿತು. ನಿಮ್ಮ ಕ್ಲೇಮಿನಲ್ಲಿ ವ್ಯತ್ಯಾಸವಿದೆ, ರಿಸ್ಕ್ ಮ್ಯಾನೇಜ್‌ಮೆಂಟ್ ಅಡಿ ರೀಫಂಡ್ ತಡೆಹಿಡಿದಿದ್ದೇವೆ, ಡಿಸೆಂಬರ್ 31ರೊಳಗೆ ರಿಟರ್ನ್ ತಿದ್ದಿಕೊಳ್ಳಿ ಎಂದು ಬಹಳ ಜನರಿಗೆ ಮೆಸೇಜು ಬಂತು. ನ್ಯಾಯವಾಗಿ ಹೇಳಬೇಕೆಂದರೆ ಈ ಜರಡಿ ಬೇಕು. ಮಾವನ ಮನೆಯಲ್ಲಿದ್ದುಕೊಂಡು ಬಾಡಿಗೆ ರಸೀದಿ ಬರೆದವರಿದ್ದಾರೆ. ಹೆಸರೇ ಕೇಳಿರದ ರಾಜಕೀಯ ಪಕ್ಷಕ್ಕೆ ದೇಣಿಗೆ ಕೊಟ್ಟು, ಕಮಿಷನ್ ಕಳೆದು ವಾಪಸು ಪಡೆದವರೂ ಇದ್ದಾರೆ. ಹಿಡಿಯಲಿ. ಆದರೆ ತಿಂಗಳುಗಟ್ಟಲೆ ಸುಮ್ಮನಿದ್ದು, ತಿದ್ದುವ ಗಡುವು ಕುತ್ತಿಗೆಗೆ ಬಂದಾಗ ಎಬ್ಬಿಸಿದರೆ ಪ್ರಾಮಾಣಿಕನೂ ತನ್ನ ಮೇಲೆ ತಾನೇ ಅನುಮಾನಪಡುತ್ತಾನೆ.

ಸಾಲಗಾರ ಬೇಕೆಂದಾಗ ಹಳೆಯ ಲೆಕ್ಕವನ್ನೂ ತೆಗೆಯಬಲ್ಲ. ಹಳೆಯ ಬಾಕಿ ಇದೆ ಎಂದು ಪುಸ್ತಕದಲ್ಲಿದ್ದರೆ 1961ರ ಕಾಯ್ದೆಯ 245ನೇ ಸೆಕ್ಷನ್ ಪ್ರಕಾರ, ನೋಟಿಸ್ ಕೊಟ್ಟು, ರೀಫಂಡನ್ನು ಅದಕ್ಕೆ ವಜಾ ಹಾಕಿಕೊಳ್ಳಬಹುದು. ಆ ಪುಸ್ತಕ ಎಷ್ಟು ಹಳೆಯದು? 1962ರಷ್ಟು ಹಳೆಯ ಸಣ್ಣಪುಟ್ಟ ಬಾಕಿಗಳೂ ಅದರಲ್ಲಿ ಕೂತಿವೆ, ಅವು ನಂತರದ ವರ್ಷಗಳ ರೀಫಂಡಿಗೆ ಅಡ್ಡಿಯಾಗಿವೆ ಎಂದು ಅದೇ 2024ರ ಬಜೆಟ್ ಭಾಷಣ ಒಪ್ಪಿಕೊಂಡು ಅವನ್ನು ಕೈಬಿಟ್ಟಿತು. ನೆಹರೂ ಪ್ರಧಾನಿಯಾಗಿದ್ದಾಗಿನ ಬಾಕಿ ಮೋದಿಯವರ ಕಾಲದ ರೀಫಂಡಿಗೆ ಕಾಲು ಅಡ್ಡ ಕೊಟ್ಟು ಕೂತಿತ್ತು! ಇಷ್ಟು ಜ್ಞಾಪಕಶಕ್ತಿ ಇರುವ ಇಲಾಖೆಗೆ ಮೇಷ್ಟ್ರ ಹನ್ನೆರಡು ಸಾವಿರವೊಂದು ನೆನಪಾಗುವುದಿಲ್ಲ.

ಇದನ್ನೆಲ್ಲ ಸರಿಮಾಡಲು ಹೊಸ ಕಾಯ್ದೆ ಬಂದಿದೆಯಲ್ಲ ಅನ್ನಬಹುದು. 2025ರ ಫೆಬ್ರವರಿಯಲ್ಲಿ ಮಂಡಿಸಿದ ಅದರ ಮೊದಲ ಮಸೂದೆಯಲ್ಲಿ, ಗಡುವು ದಾಟಿ ರಿಟರ್ನ್ ಹಾಕಿದವರಿಗೆ ರೀಫಂಡೇ ಇಲ್ಲ ಎಂಬರ್ಥದ ಒಂದು ಕಲಮು ಇತ್ತು. ಸಾಲ ಕೊಟ್ಟವನು ಕೇಳುವುದು ಒಂದು ದಿನ ತಡವಾದರೆ ಅಸಲೇ ಮಾಫಿ! ಮೀಟರ್ ಬಡ್ಡಿಯವರಿಗೂ ಹೊಳೆಯದ ಯೋಜನೆ ಇದು. ಸಂಸತ್ತಿನ ಆಯ್ಕೆ ಸಮಿತಿ ತೆಗೆಯಿರಿ ಎಂದಿತು, ಆಗಸ್ಟಿನಲ್ಲಿ ತಿದ್ದಿ ತಂದ ಮಸೂದೆಯಿಂದ ಅದನ್ನು ತೆಗೆದರು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆ ಕೂದಲೆಳೆಯಲ್ಲಿ ಕಾನೂನಾಗುವುದು ತಪ್ಪಿತು.

ಈ ನಡುವೆ ಮೇಷ್ಟ್ರಿಗೆ ಒಂದು ಸಂಜೆ ಮೆಸೇಜು ಬಂತು: ‘ನಿಮ್ಮ ರೀಫಂಡ್ ಮಂಜೂರಾಗಿದೆ, ಖಾತೆ ವಿವರಕ್ಕೆ ಈ ಲಿಂಕ್ ಒತ್ತಿ.’ ಎಂಥ ವಿನಯ, ಎಂಥ ಚುರುಕು! ಅಷ್ಟು ಮರ್ಯಾದೆಯಿಂದ ದುಡ್ಡು ತಗೊಳ್ಳಿ ಎಂದು ಬೆನ್ನು ಹತ್ತುವವರು ಕಳ್ಳರೇ ಇರಬೇಕು ಎಂದು ಮೇಷ್ಟ್ರು ಕೂಡಲೇ ಅಳಿಸಿದರು. ಅನುಭವ ದೊಡ್ಡದು.

ನಿಜವಾದ ರೀಫಂಡೂ ಒಂದು ದಿನ ಬಂತು, ಬಡ್ಡಿ ಸಮೇತ. ಮೇಷ್ಟ್ರು ಶಿಷ್ಯನಿಗೆ ಫೋನ್ ಮಾಡಿ ಖುಷಿ ಹಂಚಿಕೊಂಡರು.

“ಒಳ್ಳೇದಾಯ್ತು ಸಾರ್. ಆ ಬಡ್ಡಿಯನ್ನ ಮುಂದಿನ ರಿಟರ್ನ್‌ನಲ್ಲಿ ಆದಾಯ ಅಂತ ತೋರಿಸ್ಬೇಕು, ಮರೀಬೇಡಿ. ಇಲಾಖೆಯ ಎಐಎಸ್ ಪಟ್ಟಿಯಲ್ಲಿ ಬಂದಿರುತ್ತೆ. ಬಿಟ್ಟುಹೋದ್ರೆ ವ್ಯತ್ಯಾಸ ಅಂತ ಮುಂದಿನ ರೀಫಂಡ್ ನಿಂತುಬಿಡುತ್ತೆ.”

“ಮುಂದಿನ ರೀಫಂಡಾ? ಅದ್ಯಾವುದಯ್ಯಾ?”

“ನಿಮ್ಮ ಬಡ್ಡಿ 1 ಲಕ್ಷ ದಾಟುತ್ತಲ್ಲ ಸಾರ್. ಬ್ಯಾಂಕ್‌ನವರು ಆಗ್ಲೇ ಹಿಡಿದಿದಾರೆ.”