ಪಿಕಪ್ ಭಾರಮೀಮಾಂಸೆ: ಹಿಂಬದಿಯ ಕುಸಿತವೆಂಬ ಪದಾರ್ಥವನ್ನು ಕುರಿತು

ಬೇಸಿಗೆ ಬಂತೆಂದರೆ ಅಮೆರಿಕದ ಹೆದ್ದಾರಿಗಳಲ್ಲಿ ಪಿಕಪ್ ಟ್ರಕ್ಕುಗಳು ಬೆನ್ನ ಮೇಲೆ ಮನೆ ಹೊತ್ತು ಹೊರಡುತ್ತವೆ. ಮಂಚ, ಒಲೆ, ಫ್ರಿಜ್, ಕಕ್ಕಸು, ನೀರಿನ ಟ್ಯಾಂಕು ಎಲ್ಲವನ್ನೂ ಒಳಗೊಂಡ ಈ ಪೆಟ್ಟಿಗೆಮನೆಗೆ ಟ್ರಕ್ ಕ್ಯಾಂಪರ್ ಎಂದು ಹೆಸರು. ಅದಕ್ಕೆ ಸ್ವಂತ ಗಾಲಿಯಿಲ್ಲ. ಟ್ರಕ್ಕಿನ ತೊಟ್ಟಿಯೊಳಗೆ ಕೂತು, ಮಲಗುವ ಭಾಗವನ್ನು ಚಾಲಕನ ತಲೆಯ ಮೇಲೆ ಚಾಚಿ, ಉಳಿದದ್ದನ್ನು ಹಿಂದಕ್ಕೆ ಇಳಿಬಿಟ್ಟು ಅದು ದೇಶ ಸುತ್ತುತ್ತದೆ. ಕ್ಯಾಂಪರ್ ಏರಿದೊಡನೆ ಟ್ರಕ್ಕಿನ ಹಿಂಭಾಗ ಎರಡು ಮೂರು ಅಂಗುಲ ಕೆಳಗಿಳಿಯುತ್ತದೆ, ಮೂತಿ ಮೇಲೇಳುತ್ತದೆ, ಹೆಡ್‌ಲೈಟು ಎದುರು ಬರುವವರ ಕಣ್ಣಿಗೆ ಹೊಡೆಯುತ್ತದೆ. ಇದನ್ನು ಕಂಡ ಯಜಮಾನನಲ್ಲಿ ಹುಟ್ಟುವ ದುಃಖವೇ ಸಸ್ಪೆನ್ಷನ್ ಸಾಮಗ್ರಿಯ ವ್ಯಾಪಾರಕ್ಕೆಲ್ಲ ಮೂಲ. ದುಃಖನಿವೃತ್ತಿಗೆ ಪೇಟೆಯಲ್ಲಿ ಷಡ್ದರ್ಶನಗಳುಂಟು: ಹೆಚ್ಚುವರಿ ಕಮಾನು ಪ್ಲೇಟಿನವರು, ಗಾಳಿಚೀಲದವರು, ರಬ್ಬರ್ ಸ್ಪ್ರಿಂಗಿನವರು, ಆಂಟಿ-ಸ್ವೇ ಬಾರಿನವರು, ಶಾಕ್ ಅಬ್ಸಾರ್ಬರಿನವರು, ಕೊನೆಗೆ ಯಾರೂ ಪಂಕ್ತಿಗೆ ಕರೆಯದ ಟೈರಿನವರು. ಪ್ರತಿಯೊಂದು ದರ್ಶನಕ್ಕೂ ಆಚಾರ್ಯರಿದ್ದಾರೆ, ಶಿಷ್ಯರಿದ್ದಾರೆ, ಬೆಲೆಪಟ್ಟಿ ಇದೆ. ಈ ಪ್ರಬಂಧದ ಪ್ರತಿಜ್ಞೆ ಇಷ್ಟೇ: ಹಿಂಬದಿಯ ಕುಸಿತ ಟ್ರಕ್ಕು ನುಡಿಯುವ ಸಾಕ್ಷ್ಯ; ತೂಕ ಹಾಕಿಸದೆ ಸ್ಪ್ರಿಂಗು ಕೊಳ್ಳುವವನು ಸಾಕ್ಷಿಯ ಬಾಯಿಗೆ ಬಟ್ಟೆ ತುರುಕಲು ದುಡ್ಡು ಕೊಡುತ್ತಿದ್ದಾನೆ.

ಮೊದಲು ಶಬ್ದಪ್ರಮಾಣ. ಅಮೆರಿಕದಲ್ಲಿ ಮಾರಾಟವಾಗುವ ಬಹುತೇಕ ಪಿಕಪ್ಪುಗಳ ಚಾಲಕನ ಬಾಗಿಲ ಬಳಿ, ಕಂಬದ ಮೇಲೆ, ಒಂದು ಚೀಟಿ ಅಂಟಿರುತ್ತದೆ. ಜನರೂ ಸಾಮಾನೂ ಕೂಡಿ ಇಷ್ಟು ತೂಕ ಮೀರಕೂಡದು ಎಂಬುದು ಅದರ ವಿಧಿವಾಕ್ಯ. ಇಲ್ಲಿ 'ಜನರು' ಎಂಬಲ್ಲಿ ಚಾಲಕನೂ ಸೇರುತ್ತಾನೆಯೆ ಎಂಬ ಶಂಕೆ ಏಳುವುದು ಸಹಜ. ಸೇರುತ್ತಾನೆ; ತಾನು ತೂಕವಿಲ್ಲದವನು ಎಂದು ಚಾಲಕನು ಭಾವಿಸುವುದು ವೇದಾಂತಕ್ಕೆ ಒಪ್ಪಿತವಾಗಬಹುದು, ಆಕ್ಸಲ್‌ಗೆ ಆಗದು. ಇಷ್ಟಕ್ಕೇ ಬಿಡದೆ ಅಲ್ಲಿನ ಫೆಡರಲ್ ನಿಯಮಾವಳಿ ತನ್ನ 575.103ನೆಯ ವಿಭಾಗದಲ್ಲಿ ಕ್ಯಾಂಪರ್ ಹೊರುವ ಟ್ರಕ್ಕುಗಳ ಬಗ್ಗೆಯೇ ಪ್ರತ್ಯೇಕವಾಗಿ ಮಾತಾಡಿದೆ: ಎಷ್ಟು ಭಾರ ಹೊರಬಹುದು, ಆ ಭಾರದ ಗುರುತ್ವಕೇಂದ್ರ ತೊಟ್ಟಿಯ ಯಾವ ಎಲ್ಲೆಗಳ ನಡುವೆ ಬೀಳಬೇಕು ಎಂಬುದನ್ನು ತಯಾರಕರು ಚಿತ್ರಸಮೇತ ತಿಳಿಸಬೇಕು. ಕೇಂದ್ರ ಹಿಂದಿನ ಆಕ್ಸಲ್‌ಗಿಂತ ಹಿಂದೆ ಸರಿದರೆ ಕ್ಯಾಂಪರ್ ಸನ್ನೆಗೋಲಾಗಿ ಮುಂದಿನ ಚಕ್ರಗಳನ್ನೇ ಎತ್ತತೊಡಗುತ್ತದೆ, ಸ್ಟಿಯರಿಂಗ್ ಹಗುರವಾಗುತ್ತದೆ. ಹಗುರವಾದ ಸ್ಟಿಯರಿಂಗನ್ನು ಸುಖವೆಂದು ತಿಳಿದವರಿದ್ದಾರೆ. ಮೊದಲ ತಿರುವಿನಲ್ಲಿ ಅವರ ಮತಾಂತರವಾಗುತ್ತದೆ.

ಶಬ್ದದ ನಂತರ ಅರ್ಥಾಪತ್ತಿ. ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲ, ಆದ್ದರಿಂದ ರಾತ್ರಿ ಉಣ್ಣುತ್ತಾನೆ ಎಂದು ನಮ್ಮ ಮೀಮಾಂಸಕರು ಶತಮಾನಗಳಿಂದ ಸಾಧಿಸುತ್ತ ಬಂದದ್ದು ಯಾರ ಪ್ರಯೋಜನಕ್ಕೆಂದು ಈವರೆಗೆ ತಿಳಿದಿರಲಿಲ್ಲ. ಅದು ಕ್ಯಾಂಪರ್ ಕೊಳ್ಳುವವರಿಗಾಗಿ. ಮಾರಾಟದ ಹಾಳೆಯಲ್ಲಿ ಅಚ್ಚಾಗುವುದು 'ಒಣ ತೂಕ', ಅಂದರೆ ದೇವದತ್ತನ ಹಗಲು. ಕಲ್ಪಿತ ಲೆಕ್ಕವೊಂದನ್ನು ನೋಡೋಣ. ಟ್ರಕ್ಕಿನ ಚೀಟಿ 1,800 ಕಿಲೋ ಹೊರಬಹುದೆನ್ನುತ್ತದೆ. ಕ್ಯಾಂಪರಿನ ಒಣ ತೂಕ 1,300. ಖರೀದಿದಾರನು 500 ಕಿಲೋ ಉಳಿಯಿತೆಂದು ಹಿಗ್ಗುತ್ತಾನೆ. ರಾತ್ರಿಯೂಟ ಆಮೇಲೆ ಶುರು: ಟ್ಯಾಂಕಿನಲ್ಲಿ ನೀರು 115 ಲೀಟರು, ಅದು 115 ಕಿಲೋ, ಅಡುಗೆ ಅನಿಲದ ಎರಡು ತುಂಬಿದ ಸಿಲಿಂಡರ್ 34, ಎರಡು ಬ್ಯಾಟರಿ 55, ಏಸಿ, ಏಣಿ, ಮಡಚುವ ಚಪ್ಪರ ಸೇರಿ 90, ದಂಪತಿಗಳೂ ನಾಯಿಯೂ 170, ದಿನಸಿ, ಬಟ್ಟೆ, ಕುರ್ಚಿ, ಓದುತ್ತೇವೆಂದು ಒಯ್ದು ಓದದೆ ತರುವ ಪುಸ್ತಕಗಳು 180. ಒಟ್ಟು 1,944. ಯಾವ ವಸ್ತುವೂ ದುಂದಿನದಲ್ಲ, ಯಾವುದನ್ನೂ ಬಿಡಲಾಗದು, ಆದರೂ 144 ಕಿಲೋ ಹೆಚ್ಚು. ಹಾಳೆಯಲ್ಲಿ ಉಪವಾಸವಿದ್ದ ದೇವದತ್ತ ಟ್ರಕ್ಕಿನ ಬೆನ್ನ ಮೇಲೆ ಹೊಟ್ಟೆ ನೀವಿಕೊಳ್ಳುತ್ತಿರುತ್ತಾನೆ.

ಈಗ ಯಜಮಾನನು ಹಿಂಬದಿಯ ಕುಸಿತ ನೋಡಿ ಗಾಳಿಚೀಲ ಹಾಕಿಸುತ್ತಾನೆ. ಆಕ್ಸಲ್‌ಗೂ ಚಾಸಿಗೂ ನಡುವೆ ಕೂರುವ ಈ ರಬ್ಬರಿನ ಚೀಲಗಳಿಗೆ ಗಾಳಿ ತುಂಬಿದರೆ ಟ್ರಕ್ಕು ಸಮತಟ್ಟಾಗಿ ನಿಲ್ಲುತ್ತದೆ. ಆತನ ಅನುಮಾನವಾಕ್ಯ ಹೀಗೆ: ಟ್ರಕ್ಕು ಸಮತಟ್ಟಾಗಿದೆ, ಭಾರ ಹೆಚ್ಚಾದ ಟ್ರಕ್ಕು ಸಮತಟ್ಟಾಗಿರುವುದಿಲ್ಲ, ಆದ್ದರಿಂದ ಭಾರ ಹೆಚ್ಚಾಗಿಲ್ಲ. ತರ್ಕಶಾಸ್ತ್ರದಲ್ಲಿ ಇದಕ್ಕೆ ಹೇತ್ವಾಭಾಸವೆಂದು ಹೆಸರು, ಟೈರ್ ಅಂಗಡಿಯಲ್ಲಿ ಗಿರಾಕಿಯೆಂದು. ಸ್ಪ್ರಿಂಗು ಎಷ್ಟು ಬಾಗುತ್ತದೆಂಬುದು ಅದರ ಮೇಲಿನ ಬಲಕ್ಕೆ ತಕ್ಕಂತೆ ಎಂದು ರಾಬರ್ಟ್ ಹುಕ್ ಹದಿನೇಳನೆಯ ಶತಮಾನದಲ್ಲೇ ಕಂಡುಕೊಂಡಿದ್ದ. ಬೇರೆಯವರು ಕದ್ದಾರೆಂಬ ಭಯಕ್ಕೆ ಆತ 1676ರಲ್ಲಿ ಅದನ್ನು ಅಕ್ಷರಗಳ ಕಲಸುಮೇಲೋಗರವಾಗಿ ಪ್ರಕಟಿಸಿ, 1678ರಲ್ಲಿ ಬಿಡಿಸಿ ಹೇಳಿದ. ಸಸ್ಪೆನ್ಷನ್ ಬಿಡಿಭಾಗಗಳ ಹೆಸರುಗಳನ್ನು ನೋಡಿದರೆ ಆ ಸಂಪ್ರದಾಯ ಇನ್ನೂ ಅಳಿದಿಲ್ಲ. ಹುಕ್ಕನ ಪ್ರಕಾರ ಸ್ಪ್ರಿಂಗಿನ ಗಡಸುತನ ಇಮ್ಮಡಿಯಾದರೆ ಕುಸಿತ ಅರ್ಧವಾಗುತ್ತದೆ. ಭಾರ ಅಷ್ಟೇ ಇರುತ್ತದೆ. ಹಿಂದಿನ ಟೈರು ನೆಲವನ್ನು ಒತ್ತುವ ಒತ್ತಡ, ಬ್ರೇಕು ತಡೆಯಬೇಕಾದ ರಾಶಿ, ಬೇರಿಂಗಿನ ಮೇಲಿನ ಹೊರೆ ಯಾವುದೂ ಕಡಿಮೆಯಾಗುವುದಿಲ್ಲ. ಸಂಶಯವಿದ್ದವರಿಗೆ ಪ್ರತ್ಯಕ್ಷಪ್ರಮಾಣವೂ ಇದೆ. 1977ರಲ್ಲಿ ಅಯೋವಾದ ವಾಲ್ಕಾಟ್‌ನಲ್ಲಿ ಆರಂಭವಾದ ಕ್ಯಾಟ್ ಸ್ಕೇಲ್ ಎಂಬ ಸಂಸ್ಥೆಯ ವೇಬ್ರಿಡ್ಜುಗಳು ಇಂದು ಅಮೆರಿಕದ ಟ್ರಕ್ ನಿಲ್ದಾಣಗಳಲ್ಲೆಲ್ಲ ಹರಡಿವೆ; ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಎಂದು ಬೇರೆಬೇರೆ ತೂಗಿ ಚೀಟಿ ಕೊಡುತ್ತವೆ. ಗಾಳಿಚೀಲ ಹಾಕಿಸುವ ಮುನ್ನ ಒಮ್ಮೆ, ಹಾಕಿಸಿದ ಮೇಲೆ ಒಮ್ಮೆ ತೂಗಿಸಿದರೆ ಒಟ್ಟು ತೂಕದಲ್ಲಿ ವ್ಯತ್ಯಾಸ ಕಾಣುವುದು ನಿಜ: ಗಾಳಿಚೀಲ, ಬ್ರಾಕೆಟ್ಟು, ಬೋಲ್ಟುಗಳ ತೂಕ ಸೇರಿ ಅದು ಹೆಚ್ಚಾಗಿರುತ್ತದೆ. ಹೊರುವ ಶಕ್ತಿ ಹೆಚ್ಚಿಸಲೆಂದು ತಂದ ಪ್ರತಿಯೊಂದು ಸಾಧನವೂ ಹೊರಬಹುದಾದ ತೂಕದಲ್ಲಿ ತನ್ನ ಪಾಲನ್ನು ಮೊದಲೇ ಮುರಿದುಕೊಳ್ಳುತ್ತದೆ. ಈ ವಿಷಯದಲ್ಲಿ ಅದು ಮಧ್ಯವರ್ತಿಯ ಧರ್ಮವನ್ನು ಪೂರ್ಣವಾಗಿ ಪಾಲಿಸುತ್ತದೆ.

ಇತಿಹಾಸಪ್ರಮಾಣ ಬೇಕೆನ್ನುವವರಿಗೆ ಜಾನ್ ಸ್ಟೈನ್‌ಬೆಕ್‌ಗಿಂತ ಒಳ್ಳೆಯ ಸಾಕ್ಷಿ ಸಿಗಲಾರ. 1960ರಲ್ಲಿ ಆತ ಜಿಎಂಸಿ ಪಿಕಪ್ ಮೇಲೆ ಕ್ಯಾಂಪರ್ ಹೊರಿಸಿ, ಡಾನ್ ಕಿಹೋಟೆಯ ಬಡಕಲು ಕುದುರೆ ರೋಸಿನಾಂಟೆಯ ಹೆಸರನ್ನೇ ಅದಕ್ಕಿಟ್ಟು, ಚಾರ್ಲಿ ಎಂಬ ನಾಯಿಯೊಡನೆ ದೇಶ ಸುತ್ತಿದ. 1962ರಲ್ಲಿ ಆ ಪ್ರವಾಸದ ಪುಸ್ತಕ ಬಂತು. ನೊಬೆಲ್ ಬಂದದ್ದೂ ಅದೇ ವರ್ಷ. ಹೊರಡುವಾಗ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಸಾಮಾನು ತುಂಬಿಕೊಂಡೆನೆಂದು ಆತನೇ ಒಪ್ಪಿಕೊಂಡಿದ್ದಾನೆ. ಫಲ ಒರೆಗಾನ್‌ನಲ್ಲಿ ಸಿಕ್ಕಿತು: ಮಳೆ ಸುರಿಯುವ ಒಂದು ಭಾನುವಾರ ಟೈರು ಸಿಡಿಯಿತು. ಆ ಪುಸ್ತಕದಲ್ಲಿ ನಡೆದದ್ದೆಷ್ಟು, ಹೆಣೆದದ್ದೆಷ್ಟು ಎಂದು ವಿಮರ್ಶಕರು ಇಂದಿಗೂ ಜಗಳಾಡುತ್ತಾರೆ. ಟೈರಿನ ಪ್ರಸಂಗ ಮಾತ್ರ ಭೌತಶಾಸ್ತ್ರಕ್ಕೆ ಎಲ್ಲೂ ವಿರುದ್ಧವಾಗಿಲ್ಲದ್ದರಿಂದ ನಾವು ಅದನ್ನು ಸ್ವೀಕರಿಸಬಹುದು. ಅಲ್ಲಿ ಆತನನ್ನು ಕಾಪಾಡಿದ್ದು ಪೆಟ್ರೋಲ್ ಬಂಕಿನವನೊಬ್ಬ ಫೋನು ಮಾಡಿ ಮಾಡಿ ಹುಡುಕಿಸಿದ ಭಾರೀ ಟೈರುಗಳು. ರೋಸಿನಾಂಟೆ ಈಗ ಕ್ಯಾಲಿಫೋರ್ನಿಯಾದ ಸಲಿನಾಸ್‌ನ ಸ್ಟೈನ್‌ಬೆಕ್ ಕೇಂದ್ರದಲ್ಲಿ ನಿಂತಿದೆ, ಬಹುಶಃ ತನ್ನ ಬದುಕಿನಲ್ಲಿ ಮೊದಲ ಬಾರಿಗೆ ಮಿತಿಯೊಳಗಿನ ಭಾರದೊಡನೆ.

ಪೂರ್ವಪಕ್ಷಿ ಇಲ್ಲಿ ಎದ್ದು ನಿಲ್ಲುತ್ತಾನೆ, ಮತ್ತು ಅವನ ಮೊದಲ ಆಕ್ಷೇಪ ತೂಕದ್ದೇ. ಬಾಗಿಲ ಚೀಟಿ ವಕೀಲರು ಬರೆದದ್ದು, ಇಂಜಿನಿಯರುಗಳದ್ದಲ್ಲ, ಎನ್ನುತ್ತಾನೆ. ಪುರಾವೆಯೂ ಕೊಡುತ್ತಾನೆ: ನೋಂದಣಿ ಶುಲ್ಕದ ಅನುಕೂಲಕ್ಕೆಂದು ಅದೇ ಟ್ರಕ್ಕನ್ನು, ಒಂದು ಬೋಲ್ಟನ್ನೂ ಬದಲಿಸದೆ, ಕಡಿಮೆ ಮಿತಿಯ ಚೀಟಿ ಅಂಟಿಸಿ ಮಾರುವ ಪದ್ಧತಿ ಅಮೆರಿಕದಲ್ಲಿದೆ. ನಮ್ಮ ದೇಶವೂ ಅವನ ಪರವಾಗಿಯೇ ಸಾಕ್ಷಿ ಹೇಳುತ್ತದೆ. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿ, ನಾಲ್ಕು ಟೈರುಗಳ ಒಂಟಿ ಆಕ್ಸಲ್‌ನ ಮಿತಿಯನ್ನು 10.2 ಟನ್‌ನಿಂದ 11.5 ಟನ್‌ಗೆ ಏರಿಸಿತು. ಜಗತ್ತಿನ ಅತಿ ಅಗ್ಗದ ಸಸ್ಪೆನ್ಷನ್ ಸುಧಾರಣೆ ಅದೇ ಇರಬೇಕು, ಖರ್ಚಾದದ್ದು ಶಾಯಿ ಮಾತ್ರ. ಆಕ್ಷೇಪದಲ್ಲಿ ಹುರುಳಿದೆ, ಒಪ್ಪಬೇಕು. ಒಪ್ಪಿದ ಮೇಲೂ ಸಿದ್ಧಾಂತ ಕುಸಿಯುವುದಿಲ್ಲ, ಶ್ರುತಿ-ಸ್ಮೃತಿಗಳ ವಿವೇಕವಷ್ಟೇ ಬೇಕಾಗುತ್ತದೆ. ಒಟ್ಟು ತೂಕದ ಮಿತಿ ಸ್ಮೃತಿ. ದೇಶಕಾಲಗಳಿಗೆ, ತೆರಿಗೆಗೆ ತಕ್ಕಂತೆ ಅದು ಬದಲಾದೀತು. ಟೈರಿನ ಬದಿಯಲ್ಲಿ ಅಚ್ಚೊತ್ತಿದ ಸಂಖ್ಯೆ ಶ್ರುತಿ. ಅಲ್ಲಿ 121 ಎಂದಿದ್ದರೆ ಆ ಟೈರು ಹೊರುವುದು 1,450 ಕಿಲೋ, ಎರಡಕ್ಕೆ 2,900. ಅದನ್ನು ಯಾವ ಸರ್ಕಾರವೂ ಗೆಜೆಟ್ಟಿನಲ್ಲಿ ತಿದ್ದಲಾರದು. ಶ್ರುತಿಗೂ ಸ್ಮೃತಿಗೂ ವಿರೋಧ ಬಂದಾಗ ಶ್ರುತಿಯೇ ಬಲವತ್ತರವೆಂಬುದು ಮೀಮಾಂಸೆಯ ಹಳೆಯ ನಿಯಮ.

ಪೂರ್ವಪಕ್ಷಿ ಜಾಣ, ಇಲ್ಲಿಗೆ ಬಿಡುವುದಿಲ್ಲ. ಹಿಂದಿನ ಆಕ್ಸಲ್‌ನ ಮಿತಿ ಎಂದರೆ ಸ್ಪ್ರಿಂಗು, ಆಕ್ಸಲ್, ರಿಮ್ಮು, ಟೈರು ಈ ನಾಲ್ಕರಲ್ಲಿ ಅತಿ ದುರ್ಬಲವಾದದ್ದರ ಮಿತಿ. ದುರ್ಬಲವಾದದ್ದು ಸ್ಪ್ರಿಂಗೇ ಆಗಿದ್ದರೆ ಅದನ್ನು ಬಲಪಡಿಸಿದಾಗ ಮಿತಿ ನಿಜವಾಗಿ ಏರಿತಲ್ಲ ಎನ್ನುತ್ತಾನೆ. ಈ ಶಾಸ್ತ್ರದಲ್ಲಿ ಇದಕ್ಕಿಂತ ಗಟ್ಟಿಯಾದ ಆಕ್ಷೇಪವಿಲ್ಲ. ಉತ್ತರ: ಆಗಿದ್ದರೆ, ಏರಿತು. ಆಗಿದೆಯೆಂದು ತಿಳಿಯುವ ಬಗೆ ಹೇಗೆ? ಟೈರಿಗೆ ಸಂಖ್ಯೆ ಇದೆ, ರಿಮ್ಮಿಗೂ ಇದೆ. ಅವೆರಡನ್ನೂ ಓದಿ, ವೇಬ್ರಿಡ್ಜ್ ಚೀಟಿಯನ್ನು ಪಕ್ಕಕ್ಕಿಟ್ಟು, ಅಲ್ಲಿ ಅವಕಾಶ ಉಳಿದಿದೆಯೆಂದು ಕಂಡ ಮೇಲಲ್ಲವೆ ಸ್ಪ್ರಿಂಗಿನ ಮಾತು? ಚೀಲ ಮಾರುವ ಕಂಪನಿಗಳೇ ತಮ್ಮ ಚೀಲದಿಂದ ವಾಹನದ ಅಧಿಕೃತ ಮಿತಿ ಹೆಚ್ಚುವುದಿಲ್ಲವೆಂದು ಸೂಚನಾಪತ್ರದಲ್ಲಿ ಬರೆಯುತ್ತವೆ. ಮಿಶಿಗನ್‌ನ ಲಾನ್ಸಿಂಗಿನಲ್ಲಿ 1949ರಿಂದ ಇರುವ ಏರ್ ಲಿಫ್ಟ್ ಕಂಪನಿಯ ಒಂದು ಪ್ರಸಿದ್ಧ ಚೀಲದ ಹೆಸರಿನಲ್ಲೇ 5000 ಎಂಬ ಸಂಖ್ಯೆ ಇದೆ. ಅದು ಚೀಲಗಳು ಸಮತಟ್ಟು ಮಾಡಬಲ್ಲ ಭಾರದ ಪೌಂಡುಗಳು. ಅದನ್ನು ಟ್ರಕ್ಕಿಗೆ ಸೇರಿದ ಬಲವೆಂದು ಓದಿದ ಭಕ್ತರಿಗೆ ಲೆಕ್ಕವಿಲ್ಲ. ಸೂಚನಾಪತ್ರವೋ ಡಬ್ಬಿಯ ತಳದಲ್ಲಿ, ಸೀಲು ಒಡೆಯದೆ, ನಿರ್ವಿಕಲ್ಪ ಸಮಾಧಿಯಲ್ಲಿರುತ್ತದೆ.

ತೂಕ ಮಿತಿಯೊಳಗೆ ಬಂತೆಂದುಕೊಳ್ಳೋಣ. ಆಗ ಷಡ್ದರ್ಶನಗಳ ಪರೀಕ್ಷೆಗೆ ಅಧಿಕಾರ ಬರುತ್ತದೆ, ಮತ್ತು ಆಗ ತಿಳಿಯುವ ಸೋಜಿಗವೆಂದರೆ ಕ್ಯಾಂಪರ್ ಹೊತ್ತವನನ್ನು ಕಾಡುವುದು ಕುಸಿತಕ್ಕಿಂತ ಹೆಚ್ಚಾಗಿ ತೂಗಾಟ. ಕ್ಯಾಂಪರ್ ಎತ್ತರದ ವಸ್ತು, ಅದರ ಗುರುತ್ವಕೇಂದ್ರವೂ ಎತ್ತರ. ತಿರುವಿನಲ್ಲಿ, ಅಡ್ಡಗಾಳಿಯಲ್ಲಿ, ಲಾರಿಯೊಂದು ಪಕ್ಕದಲ್ಲಿ ಹಾದಾಗ ಅದು ಪಕ್ಕಕ್ಕೆ ವಾಲುತ್ತದೆ. ಆಂಟಿ-ಸ್ವೇ ಬಾರ್ ಒಂದು ಗ್ರಾಮನ್ನೂ ಹೊರುವುದಿಲ್ಲ. ಎಡಬಲ ಚಕ್ರಗಳು ಬೇರೆಬೇರೆಯಾಗಿ ಏರಿಳಿಯ ಹೋದಾಗ ತಿರುಚಿಕೊಂಡು ಅಡ್ಡಿಮಾಡುವುದಷ್ಟೇ ಅದರ ಕೆಲಸ, ಕ್ಯಾಂಪರಿಗೆ ಬೇಕಾದದ್ದೂ ಅದೇ. ಗಾಳಿಚೀಲದವರು ಎರಡು ಚೀಲಕ್ಕೂ ಒಂದೇ ಕೊಳವೆ ಜೋಡಿಸಿದ್ದರೆ ಟ್ರಕ್ಕು ಎಡಕ್ಕೆ ವಾಲಿದಾಗ ಎಡಚೀಲದ ಗಾಳಿ ಬಲಚೀಲಕ್ಕೆ ನುಗ್ಗಿ, ವಾಲುವಿಕೆಗೆ ತಾವೇ ಕೈಜೋಡಿಸಿದಂತಾಗುತ್ತದೆ. ಆದ್ದರಿಂದ ಬೇರೆಬೇರೆ ಕೊಳವೆ ಕಡ್ಡಾಯ. ಇನ್ನೊಂದು ಸೂಕ್ಷ್ಮವಿದೆ. ಕಮಾನು ಪ್ಲೇಟು ತನ್ನ ಭಾರವನ್ನು ಮುಂದೊಂದು, ಹಿಂದೊಂದು ಕೊಂಡಿಯ ಮೂಲಕ ಚಾಸಿಯ ಎರಡು ಕಡೆ ಹಂಚುತ್ತದೆ. ಚೀಲವಾದರೋ ಆಕ್ಸಲ್‌ನ ಮೇಲೆ ಒಂದೇ ಜಾಗದಲ್ಲಿ ಒತ್ತುತ್ತದೆ, ಹಿಂದೆ ಇಳಿಬಿದ್ದ ಕ್ಯಾಂಪರ್ ಚಾಸಿಯನ್ನು ಆ ಬಿಂದುವಿನ ಮೇಲೆ ಬಗ್ಗಿಸಲು ನೋಡುತ್ತಿರುತ್ತದೆ. ಇಷ್ಟೆಲ್ಲ ಹೇಳಿಯೂ ಚೀಲದವರನ್ನು ಪೂರ್ತಿ ತಳ್ಳಿಹಾಕುವಂತಿಲ್ಲ; ಒಂದು ಬದಿಗೆ ಫ್ರಿಜ್ಜು, ನೀರು ಸೇರಿ ಟ್ರಕ್ಕು ಓರೆಯಾದರೆ ಆ ಓರೆಯನ್ನು ಪೌಂಡು ಪೌಂಡಾಗಿ ತಿದ್ದುವ ಶಕ್ತಿ ಅವರಿಗೊಬ್ಬರಿಗೇ. ಶಾಕ್ ಅಬ್ಸಾರ್ಬರಿನವರದು ತೀರಾ ತಪ್ಪು ತಿಳಿಯಲ್ಪಟ್ಟ ದರ್ಶನ: ಅದು ಭಾರ ಹೊರುವುದಿಲ್ಲ, ಸ್ಪ್ರಿಂಗಿನ ಕುಣಿತವನ್ನು ತಣಿಸುತ್ತದೆ ಅಷ್ಟೆ. ಸ್ಪ್ರಿಂಗು ಗಡಸು ಮಾಡಿ ಹಳೆಯ ಶಾಕನ್ನೇ ಉಳಿಸಿಕೊಂಡರೆ ಕುಣಿತ ಹೆಚ್ಚುತ್ತದೆ. ರಬ್ಬರಿನವರ ಬಗ್ಗೆ ಹೇಳಬೇಕಾದ್ದು ಕಡಿಮೆ, ಅವರು ಮಾಡುವ ಕೇಡೂ ಕಡಿಮೆ.

ನೆರೆಯವನು ಇಷ್ಟೇ ಭಾರ ಹೊತ್ತು ಅಲಾಸ್ಕಾಗೆ ಹೋಗಿ ಬಂದ ಎಂಬ ಉಪಮಾನಪ್ರಮಾಣಕ್ಕೆ ಉತ್ತರಿಸುವ ಅಗತ್ಯವಿಲ್ಲ; ಹೋಗಿ ಬಾರದವರು ಉಪಮಾನ ಕೊಡಲು ಸಿಗುವುದಿಲ್ಲ. ನಮ್ಮೂರ ಲಾರಿಗಳು ಪ್ಲೇಟು ಸೇರಿಸಿಕೊಂಡು ಎರಡರಷ್ಟು ಹೊರುವುದಿಲ್ಲವೆ ಎನ್ನುವ ಸ್ವದೇಶಾಭಿಮಾನಿಗೆ, ಆ ಲಾರಿಯ ಹಿಂದೆ ಜೋಡಿ ಟೈರುಗಳಿರುತ್ತವೆಂಬುದನ್ನೂ ಘಾಟಿಯಲ್ಲಿ ಅದರ ಹಿಂದೆ ಯಾರೂ ಹತ್ತಿರ ಹೋಗುವುದಿಲ್ಲವೆಂಬುದನ್ನೂ ನೆನಪಿಸಿದರೆ ಸಾಕು.

ಉಳಿದದ್ದು ಒಂದೇ ಪ್ರಶ್ನೆ, ಆಚಾರ್ಯರೆಲ್ಲ ಜಾರಿಕೊಂಡದ್ದು: ಕ್ಯಾಂಪರ್ ಇಳಿಸಿದ ಮೇಲಿನ ಟ್ರಕ್ಕಿನ ಗತಿ. ವರ್ಷದ ಬಹುಭಾಗ ಕ್ಯಾಂಪರ್ ಮನೆಯಂಗಳದಲ್ಲಿ ಜ್ಯಾಕುಗಳ ಮೇಲೆ ನಿಂತಿರುತ್ತದೆ, ಟ್ರಕ್ಕು ಹಾಲು ತರಕಾರಿಗೆ ಹೋಗಿ ಬರುತ್ತಿರುತ್ತದೆ. ಪ್ಲೇಟು ಸೇರಿಸಿದ ಖಾಲಿ ಟ್ರಕ್ಕು ಪ್ರತಿ ಹಳ್ಳದಲ್ಲೂ ಯಜಮಾನನನ್ನು ಚಾವಣಿಗೆ ಮುಟ್ಟಿಸುತ್ತದೆ. ಗಾಳಿಚೀಲದಲ್ಲಿ ಗಾಳಿ ಬಿಟ್ಟು ಐದು ಪೌಂಡಿಗೆ ಇಳಿಸಬಹುದು. ಪೂರ್ತಿ ಬಿಟ್ಟರೆ ಚೀಲವೇ ಹಾಳು. ರಬ್ಬರ್ ಸ್ಪ್ರಿಂಗು ಭಾರವಿಲ್ಲದಾಗ ಆಕ್ಸಲ್ಲನ್ನು ಮುಟ್ಟದೆ ಸುಮ್ಮನೆ ತೂಗುತ್ತಿರುತ್ತದೆ, ಈ ಮಟ್ಟಿಗೆ ಅದು ಜೀವನ್ಮುಕ್ತ. ಇವುಗಳ ಗೋಜೇ ಬೇಡವೆಂದು ಹಲವರು ಬೇರೆಯದೇ ದಾರಿ ಹಿಡಿದಿದ್ದಾರೆ: ಟ್ರಕ್ಕಿನ ನಡೆ ಹಿತವಾಗಿರಲೆಂದು ಕ್ಯಾಂಪರನ್ನು ಇಳಿಸುವುದೇ ಇಲ್ಲ. ಮನೆಯೊಂದನ್ನು ಬೆನ್ನ ಮೇಲೆ ಹೊತ್ತು, ನೀರಿನ ಟ್ಯಾಂಕು ತುಂಬಿಸಿಕೊಂಡು, ಸೂಪರ್ ಮಾರ್ಕೆಟ್ಟಿನ ಪಾರ್ಕಿಂಗಿನಲ್ಲಿ ಎರಡು ಜಾಗ ಹಿಡಿದು, ಒಂದು ಡಜನ್ ಮೊಟ್ಟೆ ಕೊಂಡು ಬರುತ್ತಾರೆ. ಮೊಟ್ಟೆ ಒಡೆಯುವುದಿಲ್ಲ.