ತಿರುವು ಮೀಮಾಂಸೆ ಅಥವಾ ಮೇ ಹಾಂಗ್ ಸಾನ್ ಪ್ರದಕ್ಷಿಣ ವಿಧಿ

ಯಾವ ಶಾಸ್ತ್ರವಾದರೂ ಅನುಬಂಧ ಚತುಷ್ಟಯ ಹೇಳದೆ ಶುರುವಾಗಬಾರದು. ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಇಲ್ಲಿ ವಿಷಯವೆಂದರೆ ತಿರುವು. ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಿಂದ ಹೊರಟು ಪಾಯ್, ಮೇ ಹಾಂಗ್ ಸಾನ್, ಮೇ ಸರಿಯಾಂಗ್ ಊರುಗಳನ್ನು ಹಾದು ಮತ್ತೆ ಚಿಯಾಂಗ್ ಮಾಯ್‌ಗೇ ಬಂದು ಮುಟ್ಟುವ, ಸುಮಾರು 600 ಕಿಲೋಮೀಟರಿನ ಬೆಟ್ಟದ ದಾರಿಯ ತಿರುವುಗಳು. ಪ್ರಯೋಜನ ಇಹದಲ್ಲಿ ವಾಂತಿ ನಿವಾರಣೆ, ಪರದಲ್ಲಿ ವಾಟ್ಸಾಪ್ ಸ್ಟೇಟಸ್. ಸಂಬಂಧ ಗೆಳೆತನ, ಅದು ಇರುವಷ್ಟು ಕಾಲ. ಉಳಿದದ್ದು ಅಧಿಕಾರಿ. ಪರದೇಶದಲ್ಲಿ ಬಾಡಿಗೆ ಕಾರು ಓಡಿಸುವ ಅಧಿಕಾರ ಯಾರಿಗೆ? ನಮ್ಮ ಆರ್‌ಟಿಓ ಕಚೇರಿ ಕೊಡುವ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಥಾಯ್ಲೆಂಡಿನಲ್ಲಿ ನಡೆಯುತ್ತದೆ. ಅಲ್ಲಿಯೂ ರಸ್ತೆಯ ಎಡಬದಿಯ ಸಂಚಾರವೇ. ನಾಲ್ವರ ಪೈಕಿ ಅದನ್ನು ಮಾಡಿಸಿಕೊಂಡು ಬಂದವನು ಒಬ್ಬನೇ. ಮಿಕ್ಕ ಮೂವರು ‘ಅಲ್ಲೆಲ್ಲ ಯಾರ್ ಕೇಳ್ತಾರೆ ಮಗಾ’ ಎಂಬ ಪುರಾತನ ಪಂಥದವರು. ಬಾಡಿಗೆ ಕಾರಿನ ಅಂಗಡಿಯಲ್ಲಿ ಕೇಳಿದರು. ಹೀಗಾಗಿ ಗಣರಾಜ್ಯವಾಗಿ ವಿಮಾನ ಹತ್ತಿದ ತಂಡ ಆ ಕೌಂಟರಿನ ಮುಂದೆಯೇ ಒಬ್ಬ ಚಕ್ರವರ್ತಿಯ ಆಳ್ವಿಕೆಗೆ ಒಳಪಟ್ಟಿತು.

ಈ ಚಕ್ರವರ್ತಿಗಳು ಶಬ್ದಪ್ರಮಾಣವಾದಿಗಳು. ಶಬ್ದವೆಂದರೆ ಮೊಬೈಲಿನ ಒಳಗಿನ ಹೆಂಗಸಿನ ಶಬ್ದ. ಆಕೆ ‘ಎಡಕ್ಕೆ ತಿರುಗಿ’ ಎಂದರೆ ಎಡಕ್ಕೆ ಕಣ್ಣಾರೆ ಕಾಣುವ ಭತ್ತದ ಗದ್ದೆಯೂ ಅವರಿಗೆ ರಾಜಮಾರ್ಗ. ಇನ್ನೊಬ್ಬ ಪ್ರತ್ಯಕ್ಷವಾದಿ, ಫೋಟೋದಲ್ಲಿ ಬೀಳದ ವಸ್ತು ಜಗತ್ತಿನಲ್ಲಿ ಇಲ್ಲ ಎಂಬುದು ಅವನ ಸಿದ್ಧಾಂತ. ಮತ್ತೊಬ್ಬ ಉಪಮಾನವಾದಿ. ಎಂಥ ಬೆಟ್ಟ, ಎಂಥ ಮಂಜು, ಎಂಥ ಕಣಿವೆ ತೋರಿಸಿದರೂ ‘ಥೇಟ್ ನಮ್ಮ ಸಕಲೇಶಪುರ ಕಣೋ’ ಎಂದು ಮತ್ತೆ ಕಣ್ಣು ಮುಚ್ಚುವವನು. ಪ್ರಸ್ತುತ ಲೇಖಕನದು ಅನುಮಾನ. ಅದು ಹುಟ್ಟುಗುಣ.

ಹೊರಡುವ ಮುನ್ನವೇ ದಿಕ್ಕಿನ ಪ್ರಶ್ನೆ ಎದ್ದಿತು. ಪ್ರವಾಸಿಗಳಲ್ಲಿ ಹೆಚ್ಚಿನವರು ಮೊದಲು ಪಾಯ್‌ಗೆ ಹೋಗುತ್ತಾರೆ. ಭೂಪಟ ಬಿಡಿಸಿ ನೋಡಿದರೆ ಇದು ಘೋರ ಅನಾಚಾರ. ಉತ್ತರಕ್ಕೆ ಹೋಗಿ, ಪಶ್ಚಿಮಕ್ಕೆ ಹೊರಳಿ, ದಕ್ಷಿಣಕ್ಕೆ ಇಳಿದು, ಪೂರ್ವಕ್ಕೆ ಮರಳಿದರೆ ಸುತ್ತುಹಾಕಿದ ಬೆಟ್ಟಗಳೆಲ್ಲ ಎಡಗೈ ಕಡೆ ಉಳಿಯುತ್ತವೆ. ನಮ್ಮಲ್ಲಿ ಅಪ್ರದಕ್ಷಿಣೆ ಪಿತೃಕಾರ್ಯಕ್ಕೆ. ಥಾಯ್ ಬೌದ್ಧರೂ ಚೇದಿ ಎಂಬ ತಮ್ಮ ಸ್ತೂಪವನ್ನು ಬಲಕ್ಕಿಟ್ಟುಕೊಂಡೇ ಸುತ್ತುತ್ತಾರೆ; ಎಡಸುತ್ತು ಅವರಲ್ಲಿ ಶವಸಂಸ್ಕಾರದ ಕ್ರಮ. ಎರಡು ಧರ್ಮಗಳೂ ಒಪ್ಪಿ ನಿಷೇಧಿಸಿದ ದಿಕ್ಕಿನಲ್ಲಿ ಲೋಕದ ಅಷ್ಟೊಂದು ಯುವಜನ ಯಾಕೆ ಹೋಗುತ್ತಾರೆ ಎಂದು ವಿಚಾರಿಸಲಾಗಿ, ಪಾಯ್‌ನಲ್ಲಿ ಬಾಳೆಹಣ್ಣಿನ ಪ್ಯಾನ್‌ಕೇಕ್ ಸಿಗುತ್ತದೆ ಎಂಬ ಉತ್ತರ ಬಂತು. ಶಾಸ್ತ್ರಕ್ಕಿಂತ ರೂಢಿ ಬಲೀಯ. ಹೊರಟೆವು.

ಇನ್ನು ಸಂಖ್ಯಾಕಾಂಡ. ಚಿಯಾಂಗ್ ಮಾಯ್‌ಗೂ ಪಾಯ್‌ಗೂ ನಡುವೆ 762 ತಿರುವುಗಳಿವೆ ಎಂಬುದಕ್ಕೆ ಮುಖ್ಯ ಆಕರ ಅಂಗಿ ಶಾಸನಗಳು. ಪಾಯ್ ಪೇಟೆಯ ರಾತ್ರಿ ಸಂತೆಯಲ್ಲಿ ಹತ್ತಿಬಟ್ಟೆಯ ಮೇಲೆ ಅಚ್ಚಾದ ಈ ಶಾಸನಗಳು ಹೇರಳವಾಗಿ ದೊರೆಯುತ್ತವೆ. ಪಾಠ ಎಲ್ಲದರಲ್ಲೂ ಒಂದೇ, ಅಳತೆ ಮಾತ್ರ ಬೇರೆ. ಲಿಪಿಕಾರನ ಹೆಸರಿಲ್ಲ. ಮೊದಲ ಒಗೆತದ ನಂತರ ಅಕ್ಷರಗಳು ತ್ರುಟಿತ. ಆದರೆ 1,864 ಎಂಬ ಎರಡನೆಯ ಸಂಖ್ಯೆಯ ವಿಷಯದಲ್ಲಿ ಪರಂಪರೆ ಒಡೆದಿದೆ. ಅದು ಚಿಯಾಂಗ್ ಮಾಯ್‌ನಿಂದ ಮೇ ಹಾಂಗ್ ಸಾನ್‌ವರೆಗಿನ ಲೆಕ್ಕ ಎನ್ನುವುದು ಒಂದು ಶಾಖೆ, ಇಡೀ ಸುತ್ತಿನದು ಎನ್ನುವುದು ಇನ್ನೊಂದು. ಮೇ ಹಾಂಗ್ ಸಾನ್ ವಾಣಿಜ್ಯ ಮಂಡಳಿ ಈ 1,864ನ್ನು ಗೆದ್ದು ಬಂದವರಿಗೆ ಪ್ರಮಾಣಪತ್ರವನ್ನೇ ಕೊಡುತ್ತದೆ. ನೂರಾರು ಕಿಲೋಮೀಟರಿನ ವ್ಯತ್ಯಾಸ ಒಂದು ಮುದ್ರೆಯಿಂದ ಇತ್ಯರ್ಥವಾಗುವುದಾದರೆ ನಮ್ಮ ಸಂಶೋಧಕರು ಪಾಠಪರಿಷ್ಕರಣೆಗೆ ಇಷ್ಟು ಒದ್ದಾಡಬೇಕಿರಲಿಲ್ಲ.

ಎಣಿಕೆಗೆ ಮುಂಚೆ ಲಕ್ಷಣ ಬೇಕು. ತಿರುವು ಎಂದರೇನು? ‘ಸ್ಟಿಯರಿಂಗ್ ಅಲುಗಿಸುವಂತೆ ಮಾಡುವುದೇ ತಿರುವು’ ಎಂದರೆ ಅತಿವ್ಯಾಪ್ತಿ. ರಸ್ತೆ ಮಧ್ಯೆ ಮಲಗಿದ ನಾಯಿಗೂ ಅನ್ವಯಿಸುತ್ತದೆ. ‘ಮುಂದೇನಿದೆ ಎಂದು ಕಾಣದಿರುವುದೇ ತಿರುವು’ ಎಂದರೂ ಅದೇ ದೋಷ, ಲಾರಿಯ ಹಿಂದೆ ಸಿಕ್ಕಿಕೊಂಡ ನೇರ ರಸ್ತೆಯೂ ತಿರುವಾಗುತ್ತದೆ. ಉಪಮಾನವಾದಿ ಕಣ್ಣು ಬಿಟ್ಟು ‘ಆಗುಂಬೆಯಲ್ಲಿ 14 ಇವೆ, ಒಂದೊಂದಕ್ಕೂ ನಂಬರ್ ಹಾಕಿದಾರೆ, ಅದು ಲೆಕ್ಕ’ ಎಂದ. ಆಗುಂಬೆಯಲ್ಲಿ ಎಣಿಸುವುದು ಹೇರ್‌ಪಿನ್ ತಿರುವುಗಳನ್ನು ಮಾತ್ರ, ಇಲ್ಲಿ ರಸ್ತೆ ಕೊಂಚ ಮೈಮುರಿದರೂ ಲೆಕ್ಕಕ್ಕೆ ಬರುತ್ತದೆ ಎಂದು ಅವನನ್ನು ಮಲಗಿಸಲಾಯಿತು. ಕೊನೆಗೆ ತಂಡ ಸ್ವೀಕರಿಸಿದ ಲಕ್ಷಣ ಇದು: ಹೊಟ್ಟೆಯಲ್ಲಿದ್ದುದು ಜಾಗ ಬದಲಿಸಿದರೆ ಅದು ತಿರುವು.

ಇದರಲ್ಲಿ ಅವ್ಯಾಪ್ತಿ ದೋಷವಿದೆ ಎಂದು ಚಕ್ರವರ್ತಿಗಳು ಆಕ್ಷೇಪಿಸಿದರು, ಏಕೆಂದರೆ ಅವರಿಗೆ ಏನೂ ಆಗುತ್ತಿರಲಿಲ್ಲ. ಇದಕ್ಕೆ ಕಾರಣವಿದೆ. ಒಳಗಿವಿಯ ದ್ರವ ‘ದೇಹ ತಿರುಗುತ್ತಿದೆ’ ಎಂದು ಮಿದುಳಿಗೆ ವರದಿ ಮಾಡುತ್ತದೆ. ಹಿಂದಿನ ಸೀಟಿನಲ್ಲಿ ಮೊಬೈಲ್ ನೋಡುತ್ತಿರುವ ಕಣ್ಣು ‘ಎಲ್ಲವೂ ನಿಂತಿದೆ’ ಎನ್ನುತ್ತದೆ. ಸಾಕ್ಷಿಗಳು ಪರಸ್ಪರ ವಿರುದ್ಧವಾಗಿ ನುಡಿದಾಗ ತೀರ್ಪು ಹೊಟ್ಟೆ ಕೊಡುತ್ತದೆ. ಚಾಲಕನಿಗೆ ಮುಂದಿನ ತಿರುವು ಮೊದಲೇ ಗೊತ್ತು. ತಿರುಗಿಸುವವನೂ ಅವನೇ ಆದ್ದರಿಂದ ಮಿದುಳಿಗೆ ಆಶ್ಚರ್ಯವಿಲ್ಲ. ಹೀಗಾಗಿ ಹಿಂದೆ ಕೂತವರೆಲ್ಲರಿಗೂ ಓಡಿಸುವ ಆಸೆ, ಓಡಿಸುವ ಹಕ್ಕಿರುವವನೋ ಒಬ್ಬನೇ. ಲೋಕದ ಅನೇಕ ರಾಜ್ಯಕ್ರಾಂತಿಗಳಿಗೆ ಇದೇ ಮೂಲಕಾರಣ ಇದ್ದೀತು. ಈ ಮಾರ್ಗದ ಮಿನಿವ್ಯಾನ್‌ಗಳಲ್ಲಿ ಪ್ರಯಾಣಿಕರು ಪ್ಲಾಸ್ಟಿಕ್ ಚೀಲ ಹಿಡಿದು ಕೂತಿರುವುದನ್ನು ನೋಡಿದ್ದೇವೆ. ನಮ್ಮಲ್ಲಿ ಅವೋಮಿನ್ ಮಾತ್ರೆ ಇತ್ತು. ಅದು ಡಿಕ್ಕಿಯೊಳಗಿನ ಬೆನ್ನುಚೀಲದ ತಳದಲ್ಲಿತ್ತು.

ಬೆನ್ನುಚೀಲದ ಬಗ್ಗೆ ಒಂದು ಮಾತು. ಇದು ‘ಬ್ಯಾಕ್‌ಪ್ಯಾಕಿಂಗ್’ ಎಂದು ಮನೆಯಲ್ಲೂ ಆಫೀಸಿನಲ್ಲೂ ಸಾರಿ ಹೊರಟಿದ್ದೆವು. ಆದ್ದರಿಂದ ಪ್ರತಿ ಸಂಜೆ ಕಾರಿನ ಡಿಕ್ಕಿಯಿಂದ ಲಾಡ್ಜಿನ ಕೌಂಟರ್‌ವರೆಗೆ ಚೀಲವನ್ನು ಬೆನ್ನಿಗೇರಿಸಿ, ಎದೆಪಟ್ಟಿ, ಸೊಂಟಪಟ್ಟಿ ಎರಡನ್ನೂ ಬಿಗಿದು, ತುಸು ಮುಂದಕ್ಕೆ ಬಾಗಿ ನಡೆಯುವ ವ್ರತವನ್ನು ಯಾರೂ ತಪ್ಪಿಸಲಿಲ್ಲ. ಪ್ರತ್ಯಕ್ಷವಾದಿ ಇದಕ್ಕೆ ಸಾಕ್ಷಿ.

ಪಾಯ್ ಬಗ್ಗೆ ಹೆಚ್ಚು ಬರೆಯುವಂತಿಲ್ಲ. ಅಲ್ಲಿ ಎಲ್ಲರೂ ತಮ್ಮ ತಮ್ಮೊಳಗೆ ಏನನ್ನೋ ಹುಡುಕುತ್ತಿದ್ದರು, ನಾವು ಪಾರ್ಕಿಂಗ್ ಹುಡುಕಿದೆವು. ಊರಿಗೆ ಮೊದಲು ಸಿಗುವ ‘ಮಹಾಯುದ್ಧದ ಸೇತುವೆ’ಯ ಮುಂದೆ ಪ್ರತ್ಯಕ್ಷವಾದಿ ನಾನಾ ಭಂಗಿಗಳಲ್ಲಿ ಇತಿಹಾಸಕ್ಕೆ ನಮಿಸಿದ. ಎರಡನೇ ಮಹಾಯುದ್ಧದಲ್ಲಿ ಬರ್ಮಾದತ್ತ ದಾರಿ ಮಾಡುತ್ತಿದ್ದ ಜಪಾನಿ ಸೇನೆ ಇಲ್ಲಿ ಸೇತುವೆ ಕಟ್ಟಿದ್ದು ನಿಜ. ಅದು ಮರದ್ದು, ಉಳಿದಿಲ್ಲ. ಈಗ ನಿಂತಿರುವ ಉಕ್ಕಿನ ಸೇತುವೆ ಚಿಯಾಂಗ್ ಮಾಯ್‌ನ ಹಳೆಯ ನವರತ್ ಸೇತುವೆಯನ್ನು ಬಿಚ್ಚಿ ತಂದು ಜೋಡಿಸಿದ್ದು. ಪ್ರತ್ಯಕ್ಷ ಪ್ರಮಾಣದ ಮಿತಿ ಎಲ್ಲಿದೆ ಎಂದು ವಿದ್ಯಾರ್ಥಿಗಳು ಇಲ್ಲಿ ಗುರುತು ಹಾಕಿಕೊಳ್ಳಬೇಕು.

ನ್ಯಾಯಶಾಸ್ತ್ರ ಓದಿದ ಎಲ್ಲರಿಗೂ ಪರ್ವತ, ಹೊಗೆ, ಬೆಂಕಿಯ ಉದಾಹರಣೆ ಗೊತ್ತು. ಆ ಉದಾಹರಣೆಯನ್ನು ಅಕ್ಷರಶಃ ನೋಡಬೇಕಾದವರು ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಈ ಕಡೆ ಬರಬೇಕು. ಕುಯಿಲಾದ ಹೊಲಕ್ಕೂ ಒಣಗಿದ ಕಾಡಿಗೂ ಬಿದ್ದ ಬೆಂಕಿಯ ಹೊಗೆಯಲ್ಲಿ ಪರ್ವತವೇ ಕಾಣದಷ್ಟು ಅನುಮಾನ ಸಿದ್ಧಿಸುತ್ತದೆ. ನಾವು ಹೋದದ್ದು ನವೆಂಬರಿನಲ್ಲಿ, ಆಕಾಶ ತಿಳಿಯಾಗಿತ್ತು. ಆದರೂ ಕಿಯು ಲೋಮ್ ಎಂಬ ಎತ್ತರದ ನೋಟದ ತಾಣ ದಾಟಿ ಪಾಂಗ್ ಮಫಾ ಕಡೆಗೆ ಇಳಿಯುವಾಗ ಪರ್ವತದಲ್ಲಿ ಹೊಗೆ ಕಂಡಿತು. ಅದು ನಮ್ಮ ಮುಂದಿನ ಚಕ್ರದಿಂದ ಬರುತ್ತಿತ್ತು. ಆಟೊಮ್ಯಾಟಿಕ್ ಗಾಡಿಯನ್ನು ‘ಡಿ’ಯಲ್ಲೇ ಬಿಟ್ಟರೆ ಇಳಿಜಾರಿನಲ್ಲಿ ಎಂಜಿನ್ನಿನ ಹಿಡಿತ ಸಾಲದು, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ, ಪ್ಯಾಡ್ ಕಾದು ಸುಟ್ಟ ವಾಸನೆ ಏಳುತ್ತದೆ, ಆಗ ‘ಎಲ್’ಗೆ ಹಾಕಬೇಕು. ಇದನ್ನು ಪ್ರಸ್ತುತ ಲೇಖಕ ಊಹಿಸಿ ಹೇಳಿದಾಗ ಚಕ್ರವರ್ತಿಗಳು ‘ಫೋನಲ್ಲಿ ಹಾಗೇನೂ ಹೇಳ್ತಿಲ್ವಲ್ಲೋ’ ಎಂದರು. ಫೋನಿಗೆ ಸಿಗ್ನಲ್ ಇರಲಿಲ್ಲ. ಶಬ್ದಪ್ರಮಾಣಕ್ಕೆ ಟವರ್ ಬೇಕು.

ಬ್ರೇಕು ಆರಲೆಂದು ರಸ್ತೆ ಬದಿಗೆ ನಿಂತಿದ್ದಾಗ ಎಲೆಕೋಸು ಹೇರಿಕೊಂಡ ಪಿಕಪ್ ಗಾಡಿಗಳು ಒಂದರ ಹಿಂದೊಂದು ನಮ್ಮನ್ನು ದಾಟಿ ಹೋದವು. ರಾಶಿಯ ಮೇಲೆ ಒಬ್ಬ ಹುಡುಗ ನಿದ್ದೆ ಮಾಡುತ್ತಿದ್ದ. ಒಂದು ಕಾಲಕ್ಕೆ ಈ ಬೆಟ್ಟಗಳ ಹ್ಮಾಂಗ್, ಲಿಸು, ಲಾಹು ಜನ ಅಫೀಮು ಬೆಳೆಯುತ್ತಿದ್ದರು. ದೊರೆ ಭೂಮಿಬೋಲ್ 1969ರಲ್ಲಿ ಶುರುಮಾಡಿದ ರಾಯಲ್ ಪ್ರಾಜೆಕ್ಟ್ ಅದರ ಬದಲಿಗೆ ಕೋಸು, ಕಾಫಿ, ಸ್ಟ್ರಾಬೆರಿಗಳನ್ನು ತಂದಿತು. ಆ ಹುಡುಗನ ಹತ್ತಿರ ಪ್ರಮಾಣಪತ್ರ ಇದ್ದಂತೆ ಕಾಣಲಿಲ್ಲ.

ತಾಮ್ ಲಾಡ್ ಗುಹೆಯಲ್ಲಿ ಮಾತ್ರ ನಮ್ಮ ಶಾಸ್ತ್ರ ಸ್ವಲ್ಪ ಬಾಯಿ ಮುಚ್ಚಿತು. ಲಾಂಗ್ ಹೊಳೆ ಬೆಟ್ಟದ ಒಂದು ಕಡೆ ಒಳಹೊಕ್ಕು ಇನ್ನೊಂದು ಕಡೆ ಹೊರಬೀಳುತ್ತದೆ. ಅದರ ಮೇಲೆ ಬಿದಿರಿನ ತೆಪ್ಪ. ಊರಿನ ಮಾರ್ಗದರ್ಶಿ ಇಲ್ಲದೆ ಒಳಗೆ ಬಿಡುವುದಿಲ್ಲ. ನಮ್ಮ ಪಾಲಿಗೆ ಬಂದ ಶಾನ್ ಜನಾಂಗದ ಹೆಂಗಸು ಪ್ಲಾಸ್ಟಿಕ್ ಚಪ್ಪಲಿ ತೊಟ್ಟು, ಗ್ಯಾಸ್‌ಲೈಟಿಗೆ ಪಂಪು ಹೊಡೆದು, ಸುಯ್ ಎನ್ನುವ ದೀಪವನ್ನು ತನ್ನ ಮೊಣಕಾಲಿನ ಮಟ್ಟದಲ್ಲಿ ಹಿಡಿದು ನಡೆದರು. ಬೆಳಕು ನಮ್ಮ ಮುಖಕ್ಕಲ್ಲ, ನಾವು ಕಾಲಿಡಬೇಕಾದ ಮುಂದಿನ ಮೆಟ್ಟಿಲಿಗೆ. ‘ನಮ್ಮೂರ ಯಕ್ಷಗಾನಕ್ಕೆ ಇದೇ ಗ್ಯಾಸ್‌ಲೈಟು’ ಎಂದ ಉಪಮಾನವಾದಿ. ಮೊದಲ ಬಾರಿಗೆ ಉಪಮಾನ ಸಿಂಧುವಾಯಿತು. ಮೇಲಿನ ಗುಹೆಯೊಂದರಲ್ಲಿ ತೇಗದ ದಿಮ್ಮಿ ಕೊರೆದು ಮಾಡಿದ, ಸಾವಿರ ವರ್ಷಕ್ಕೂ ಹಳೆಯ ಶವಪೆಟ್ಟಿಗೆಗಳಿವೆ. ಶಿಲ್ಪಕಾರ್ನ್ ವಿಶ್ವವಿದ್ಯಾಲಯದ ಪುರಾತತ್ತ್ವಜ್ಞೆ ರಸ್ಮಿ ಶೂಕಾಂಗ್‌ಡೇಜ್ ಈ ಪಾಂಗ್ ಮಫಾ ಗುಡ್ಡಗಳಲ್ಲಿ ವರ್ಷಗಟ್ಟಲೆ ಅಗೆದು, ಅಳೆದು ಕೆಲಸ ಮಾಡಿದ್ದಾರೆ. ನಿಜವಾದ ವಿದ್ವತ್ತು ಹತ್ತಿರದಲ್ಲೇ ಇದ್ದಾಗ ಅಣಕು ವಿದ್ವತ್ತು ತಗ್ಗಿ ನಡೆಯುವುದು ಕ್ಷೇಮ. ಗುಹೆಯ ಛಾವಣಿಯೂ ತಗ್ಗಾಗಿತ್ತು.

ಆಹಾರ ಪ್ರಕರಣ. ಚಕ್ರವರ್ತಿಗಳು ಕಟ್ಟಾ ಸಸ್ಯಾಹಾರಿಗಳು. ಥಾಯ್ ಅಡುಗೆಯಲ್ಲಿ ಮೀನಿನ ಸಾಸ್ ಉಪ್ಪಿನಷ್ಟೇ ಸಹಜ. ಬರೀ ತರಕಾರಿ ಎಂದು ತಟ್ಟೆಯಲ್ಲಿ ಬಂದದ್ದರಲ್ಲೂ ಮೀನಾವತಾರ ಆಗಿರುತ್ತದೆ. ದಾರಿ ತೋರಿಸುವುದು ಹಳದಿ ಬಾವುಟದಲ್ಲಿ ಕೆಂಪಕ್ಷರದ ‘ಜೇ’ ಎಂಬ ಗುರುತು: ಮಾಂಸವಿಲ್ಲ, ಮೀನಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಮ್ಮ ಏಕಾದಶಿ ಮಠಗಳಿಗೇ ಸವಾಲು. ಆದರೆ ಬೆಟ್ಟದ ಊರುಗಳಲ್ಲಿ ಬಾವುಟ ಅಪರೂಪ. ಮಧ್ಯಾಹ್ನ ಮಧ್ಯಾಹ್ನ ಬಿಳಿ ಅನ್ನಕ್ಕೆ ಮನೆಯಿಂದ ತಂದ ಚಟ್ನಿಪುಡಿ ಕಲಸಿ ಅವರು ಉಣ್ಣುವುದನ್ನು ಕಂಡು ಕಾಫಿ ಅಂಗಡಿಯವಳು ಮರುಗಿದಳು. ಇಷ್ಟಾದರೂ ಚಕ್ರವರ್ತಿಗಳು ಸೊರಗಲಿಲ್ಲ. ಹಗಲು ಉಣ್ಣದ ದಪ್ಪ ದೇವದತ್ತ ರಾತ್ರಿ ಉಣ್ಣುತ್ತಿರಬೇಕು ಎಂಬ ಅರ್ಥಾಪತ್ತಿಯ ಉದಾಹರಣೆ ಇಲ್ಲಿ ನೆರವಿಗೆ ಬಂತು. ಥಾಯ್ಲೆಂಡಿನಲ್ಲಿ 1989ರಲ್ಲಿ ಕಾಲಿಟ್ಟ ಸೆವೆನ್ ಇಲೆವೆನ್ ಅಂಗಡಿಗಳು ಮೇ ಹಾಂಗ್ ಸಾನ್‌ನಲ್ಲೂ ಇವೆ, ರಾತ್ರಿಯಿಡೀ ತೆರೆದಿರುತ್ತವೆ, ಬೆಣ್ಣೆ ತುಂಬಿದ ಚೀಸ್ ಟೋಸ್ಟನ್ನು ಕಾಯಿಸಿ ಕೊಡುತ್ತವೆ.

ಮೇ ಹಾಂಗ್ ಸಾನ್ 1831ರಲ್ಲಿ ಆನೆ ಹಿಡಿದು ಪಳಗಿಸುವ ಬಿಡಾರವಾಗಿ ಹುಟ್ಟಿದ ಊರು. ಈಗ ಕೆರೆ, ಕೆರೆಯ ಅಂಚಿಗೆ ಶಾನ್ ಶೈಲಿಯ ಎರಡು ಗುಡಿಗಳು, ಸಂಜೆ ಅವುಗಳ ದೀಪ. ಸುತ್ತಮುತ್ತ ಕಯಾನ್ ಜನರ ಹಳ್ಳಿಗಳಿವೆ. ಬರ್ಮಾದ ಕಯಾ ಪ್ರಾಂತದ ಯುದ್ಧಕ್ಕೆ ಹೆದರಿ ಗಡಿ ದಾಟಿ ಬಂದವರು. ಹೆಂಗಸರ ಕೊರಳಿಗೆ ಹಿತ್ತಾಳೆಯ ಸುರುಳಿ. ಹಳ್ಳಿಗೆ ಪ್ರವೇಶ ಶುಲ್ಕ. ಚಕ್ರವರ್ತಿಗಳ ಫೋನು ಆ ಹಳ್ಳಿಗೆ ಐದರಲ್ಲಿ ಇಷ್ಟು ನಕ್ಷತ್ರ ಎಂದು ತೋರಿಸಿತು. ಮನುಷ್ಯರಿಗೆ ನಕ್ಷತ್ರ ಕೊಟ್ಟವರು ಯಾವ ಲಕ್ಷಣ ಹಿಡಿದು ಕೊಟ್ಟರೋ. ಈ ಪ್ರಬಂಧ ಆ ದಾರಿಗೆ ತಿರುಗುವುದಿಲ್ಲ.

ದಕ್ಷಿಣದ 108ನೇ ಹೆದ್ದಾರಿಯಲ್ಲಿ ಖುನ್ ಯುವಾಮ್ ಬಳಿ ನವೆಂಬರಿನಲ್ಲಿ ಗುಡ್ಡಕ್ಕೆ ಗುಡ್ಡವೇ ಹಳದಿ. ಬುವಾ ಟಾಂಗ್ ಹೂವು, ಮೂಲ ಮೆಕ್ಸಿಕೋ. ‘ನಮ್ಮ ಕಾಫಿ ತೋಟದ ಬೇಲಿಯಲ್ಲಿ ಇದೇ ಇದೆ’ ಎಂದ ಉಪಮಾನವಾದಿ, ಮತ್ತೆ ಸರಿ. ಅಲ್ಲಿಂದ ಚಿಯಾಂಗ್ ಮಾಯ್‌ವರೆಗೆ ಅವನನ್ನು ಹಿಡಿಯುವವರೇ ಇರಲಿಲ್ಲ.

ಕೊನೆಯದು ಋಣಕಾಂಡ. ಪೆಟ್ರೋಲು, ಲಾಡ್ಜು, ಅಂಗಿ ಶಾಸನಗಳ ಲೆಕ್ಕ ಆ್ಯಪ್‌ನಲ್ಲಿ ಸುಸೂತ್ರ ಬಗೆಹರಿಯಿತು. ಉಳಿದದ್ದು ತಾಮ್ ಲಾಡ್‌ನ ಎರಡನೇ ತೆಪ್ಪ. ಒಂದು ತೆಪ್ಪಕ್ಕೆ ಮೂವರೇ, ನಾವು ನಾಲ್ವರು. ಎರಡನೆಯದರಲ್ಲಿ ಒಬ್ಬನೇ ಕೂತವನು ಪ್ರತ್ಯಕ್ಷವಾದಿ, ನಮ್ಮ ಮೂವರ ಫೋಟೋ ಹಿಂದಿನಿಂದ ಚೆನ್ನಾಗಿ ಬರುತ್ತದೆ ಎಂಬ ಕಾರಣಕ್ಕೆ. ಕರ್ಮ ಯಾರಿಗಾಗಿ ನಡೆಯಿತೋ ವೆಚ್ಚ ಅವರದು, ಆದ್ದರಿಂದ ಮೂವರೂ ಕೊಡಬೇಕು ಎಂದು ಅವನ ವಾದ. ಫೋಟೋ ತರಿಸಿ ನೋಡಲಾಯಿತು. ಕತ್ತಲು, ನಡುವೆ ಗ್ಯಾಸ್‌ಲೈಟಿನ ಒಂದು ಚುಕ್ಕೆ. ಫೋಟೋದಲ್ಲಿ ಬೀಳದ್ದು ಜಗತ್ತಿನಲ್ಲಿಲ್ಲ, ನಾವು ಫೋಟೋದಲ್ಲಿಲ್ಲ, ಆದ್ದರಿಂದ ತೆಪ್ಪದಲ್ಲಿ ನಾವು ಇರಲೇ ಇಲ್ಲ ಎಂದು ಚಕ್ರವರ್ತಿಗಳು ಅವನದೇ ಸಿದ್ಧಾಂತದಿಂದ ತೀರ್ಪು ಕೊಟ್ಟರು. ‘ಲೋ, ನನ್ನ ಕಣ್ಣಾರೆ ನೋಡಿದೀನಿ ಕಣ್ರೋ’ ಎಂದು ಅವನು ಮತಾಂತರಗೊಂಡು ಮೇಲ್ಮನವಿ ಸಲ್ಲಿಸಿದ್ದಾನೆ. ಅವನು ಕಳಿಸಿರುವ ಗೂಗಲ್ ಪೇ ವಿನಂತಿಯನ್ನು ಮೂವರೂ ಇನ್ನೂ ತೆರೆದು ನೋಡಿಲ್ಲ.